ಹಳೆಯ ಕಾರಿಗೆ ಸರಿಯಾದ ವಾಟರ್ ಪಂಪ್ ಆರಿಸುವುದು ಹೇಗೆ?

ಬೋಲ್ಟಿನ ರಂಧ್ರಗಳು ಎಂಜಿನ್ನಿನ ರಂಧ್ರಗಳಿಗೆ ಕೂಡಿದ ಮಾತ್ರಕ್ಕೆ ಒಂದು ವಾಟರ್ ಪಂಪ್, ಅಂದರೆ ಎಂಜಿನ್ನನ್ನು ತಣಿಸುವ ನೀರನ್ನು ತಳ್ಳುವ ಪಂಪ್, ಆ ಕಾರಿಗೆ ಸರಿಯಾದುದೆಂದು ತಿಳಿಯಬಾರದು. ಹಳೆಯ ಕಾರನ್ನು ಮೂಲಸ್ಥಿತಿಗೆ ತರಲು ಹೊರಟವರು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ವಿಷಯ ಇದು. ಷೆವರ್ಲೆಯ ಸ್ಮಾಲ್ ಬ್ಲಾಕ್ ವಿ8 ಎಂಜಿನ್ನನ್ನೇ ತೆಗೆದುಕೊಳ್ಳೋಣ. 1968ರವರೆಗಿನ ಅದರ ಪ್ರಯಾಣಿಕ ಕಾರುಗಳಲ್ಲಿ ಗಿಡ್ಡ ಪಂಪ್ ಇತ್ತು; 1969ರಿಂದ ಉದ್ದದ ಪಂಪ್ ಬಂದಿತು. ಬ್ಲಾಕಿಗೆ (ಎಂಜಿನ್ನಿನ ಮುಖ್ಯ ಒಡಲು) ತಾಗುವ ಮೇಲ್ಮೈಯಿಂದ ಪುಲ್ಲಿ ಕೂರುವ ಹಬ್ಬಿನ (ಶಾಫ್ಟಿನ ತುದಿಯ ಬಿಲ್ಲೆ) ಮುಖದವರೆಗೆ ಅಳೆದರೆ ಮೊದಲನೆಯದು ಸುಮಾರು 143 ಮಿಲಿಮೀಟರ್, ಎರಡನೆಯದು ಸುಮಾರು 176 ಮಿಲಿಮೀಟರ್. ಎರಡೂ ಒಂದೇ ಬ್ಲಾಕಿಗೆ ತಕರಾರಿಲ್ಲದೆ ಕೂರುತ್ತವೆ. ಆದರೆ ಗಿಡ್ಡ ಪಂಪಿನ ಜಾಗದಲ್ಲಿ ಉದ್ದದ್ದನ್ನು ಕೂರಿಸಿದರೆ ಪುಲ್ಲಿ 33 ಮಿಲಿಮೀಟರಿನಷ್ಟು ಮುಂದೆ ಸರಿಯುತ್ತದೆ, ಬೆಲ್ಟ್ ಓರೆಯಾಗಿ ಓಡುತ್ತದೆ, ಫ್ಯಾನು ರೇಡಿಯೇಟರಿಗೆ ತಾಗುವಷ್ಟು ಹತ್ತಿರ ಬರುತ್ತದೆ. ಆದ್ದರಿಂದ ಪಂಪನ್ನು ಕಾರಿನ ಹೆಸರು ಮತ್ತು ಇಸವಿ ಹೇಳಿ ಕೊಳ್ಳುವ ಬದಲು, ಎಂಜಿನ್ನಿನ ಗುರುತು ಮತ್ತು ಕೈಯಾರೆ ತೆಗೆದ ಅಳತೆ ಎರಡನ್ನೂ ಇಟ್ಟುಕೊಂಡು ಕೊಳ್ಳಬೇಕು.

ಮೊದಲು ಎಂಜಿನ್ನನ್ನು ಗುರುತಿಸಿ

ಐವತ್ತು ಅರವತ್ತು ವರ್ಷ ಹಳೆಯ ಕಾರಿನಲ್ಲಿ ಕಾರ್ಖಾನೆಯಿಂದ ಬಂದ ಎಂಜಿನ್ನೇ ಈಗಲೂ ಇರುತ್ತದೆಂದು ನಂಬುವಂತಿಲ್ಲ. ನಡುವೆ ಯಾರೋ ಒಬ್ಬ ಮಾಲೀಕರು ಅದೇ ಕುಟುಂಬದ, ಆದರೆ ಬೇರೆ ವರ್ಷದ ಎಂಜಿನ್ನನ್ನು ಕೂರಿಸಿರಬಹುದು. ಎಂಜಿನ್ ಮೂಲದ್ದೇ ಆಗಿದ್ದು ಪಂಪ್, ಪುಲ್ಲಿ ಮತ್ತು ಬ್ರ್ಯಾಕೆಟುಗಳು ಮಾತ್ರ ಬೇರೆ ಕಾರಿನಿಂದ ಬಂದಿರಲೂಬಹುದು. ಹೀಗಾಗಿ ನೋಂದಣಿ ಪತ್ರದಲ್ಲಿರುವ ಇಸವಿಯನ್ನು ಪಕ್ಕಕ್ಕಿಟ್ಟು, ಬ್ಲಾಕಿನ ಮೇಲೆ ಒತ್ತಿರುವ ಎಂಜಿನ್ ಸಂಖ್ಯೆಯನ್ನೂ ಎರಕದಲ್ಲಿ ಉಬ್ಬಿ ನಿಂತಿರುವ ಸಂಖ್ಯೆಯನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ ಓದಿ ಬರೆದುಕೊಳ್ಳಬೇಕು. ತಯಾರಕರ ಬಿಡಿಭಾಗ ಪಟ್ಟಿಯಲ್ಲಿ ಪಂಪುಗಳನ್ನು ಅನೇಕ ವೇಳೆ 'ಈ ಎಂಜಿನ್ ಸಂಖ್ಯೆಯವರೆಗೆ' ಮತ್ತು 'ಈ ಸಂಖ್ಯೆಯಿಂದ ಮುಂದಕ್ಕೆ' ಎಂದು ವಿಂಗಡಿಸಿರುತ್ತಾರೆ. ವರ್ಷದ ನಡುವೆ ವಿನ್ಯಾಸ ಬದಲಾದಾಗ ಇಸವಿಯೊಂದರಿಂದಲೇ ಉತ್ತರ ಸಿಗುವುದಿಲ್ಲ.

ಈ ಹಂತದಲ್ಲಿಯೇ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಆ ಕಾರಿಗೆ ಮೂಲದಲ್ಲಿ ಪಂಪ್ ಇತ್ತೇ? 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿಯ ಮೊದಲ ಸುಮಾರು 2,500 ಕಾರುಗಳಿಗೆ ಮಾತ್ರ ಪಂಪ್ ಇತ್ತು. ಅನಂತರದವುಗಳಲ್ಲಿ ಬಿಸಿನೀರು ತಾನಾಗಿ ಮೇಲೇರಿ ರೇಡಿಯೇಟರಿನಲ್ಲಿ ತಣಿದು ಕೆಳಗಿಳಿಯುವ ವ್ಯವಸ್ಥೆಯೇ ಸಾಕಾಗುತ್ತಿತ್ತು. ಇದಕ್ಕೆ ತದ್ವಿರುದ್ಧವಾಗಿ 1932ರಲ್ಲಿ ಬಂದ ಫೋರ್ಡ್ ಫ್ಲ್ಯಾಟ್‌ಹೆಡ್ ವಿ8 ಎಂಜಿನ್ನಿಗೆ ಎರಡು ಪಂಪುಗಳು, ಪ್ರತಿ ಸಿಲಿಂಡರ್ ಸಾಲಿಗೆ ಒಂದರಂತೆ. 1936ರವರೆಗೆ ಅವು ಸಿಲಿಂಡರ್ ಹೆಡ್ಡುಗಳ ಮೇಲಿದ್ದವು. 1937ರಲ್ಲಿ ಬ್ಲಾಕಿನ ಮುಂಭಾಗಕ್ಕೆ ಬಂದವು. 1948ರವರೆಗಿನ ಈ ಪಂಪುಗಳ ಒಡಲೇ ಎಂಜಿನ್ನಿನ ಮುಂಬದಿಯ ಭಾರವನ್ನು ಹೊರುವ ಆಧಾರವೂ ಆಗಿದ್ದುದರಿಂದ ಅಲ್ಲಿ ತಪ್ಪು ಪಂಪನ್ನು ತಂದರೆ ಎಂಜಿನ್ ತನ್ನ ಜಾಗದಲ್ಲಿ ಕೂರುವುದೇ ಇಲ್ಲ.

ಹಳೆಯ ಪಂಪನ್ನು ಓದುವುದು

ಕಳಚಿದ ಪಂಪನ್ನು, ಅದು ಎಷ್ಟೇ ಕೆಟ್ಟಿದ್ದರೂ, ಹೊಸದು ಕೂತು ಕೆಲಸ ಮಾಡುವವರೆಗೆ ಎಸೆಯಕೂಡದು. ಅದರ ಮೈಮೇಲಿನ ಸಂಖ್ಯೆಗಳೇ ನಮ್ಮ ಮೊದಲ ದಾಖಲೆ. ಇಲ್ಲಿ ಅನೇಕರು ಎಡವುವುದು ಎರಕದ ಸಂಖ್ಯೆಯನ್ನು ಬಿಡಿಭಾಗದ ಸಂಖ್ಯೆಯೆಂದು ತಿಳಿಯುವುದರಿಂದ. ಎರಕದ ಸಂಖ್ಯೆಯು ಲೋಹದ ಒಡಲಿಗೆ ಮಾತ್ರ ಸೇರಿದ್ದು; ಅದೇ ಒಡಲಿನೊಳಗೆ ಬೇರೆ ಬೇರೆ ಶಾಫ್ಟ್, ಹಬ್ ಮತ್ತು ಇಂಪೆಲರ್ (ನೀರನ್ನು ತಳ್ಳುವ ಅಲಗುಗಳ ಚಕ್ರ) ಜೋಡಿಸಿ ಎರಡು ಮೂರು ಬಗೆಯ ಪಂಪುಗಳನ್ನು ಮಾರಿರುವ ಸಾಧ್ಯತೆ ಇರುತ್ತದೆ. ಅಂಗಡಿಯಲ್ಲಿ ಕೇಳುವ ಬಿಡಿಭಾಗ ಸಂಖ್ಯೆ ಇಡೀ ಜೋಡಣೆಗೆ ಸೇರಿದ್ದು.

ಫೋರ್ಡ್ ಕಂಪನಿಯ ಪದ್ಧತಿಯನ್ನು ತಿಳಿದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಅದರ ಸಂಖ್ಯೆಯ ಮೊದಲ ಅಕ್ಷರ ದಶಕವನ್ನು ಸೂಚಿಸುತ್ತದೆ: 'ಬಿ' ಎಂದರೆ 1950ರ ದಶಕ, 'ಸಿ' ಎಂದರೆ 1960ರದು, 'ಡಿ' ಎಂದರೆ 1970ರದು. ಮುಂದಿನ ಅಂಕಿ ಆ ದಶಕದ ವರ್ಷ. ಹೀಗಾಗಿ 'ಸಿ6' ಎಂದು ಆರಂಭವಾಗುವ ಸಂಖ್ಯೆ 1966ರ ವಿನ್ಯಾಸಕ್ಕೆ ಸೇರಿದ್ದು. ನಡುವೆ ಬರುವ 8501 ಎಂಬುದು ವಾಟರ್ ಪಂಪಿನ ಮೂಲಸಂಖ್ಯೆ. ಆದರೆ ಇದು ವಿನ್ಯಾಸಗೊಂಡ ವರ್ಷವೇ ಹೊರತು ಆ ಪಂಪನ್ನು ಎರಕ ಹೊಯ್ದ ದಿನವಲ್ಲ. ಎರಕದ ದಿನಾಂಕ ಪ್ರತ್ಯೇಕವಾಗಿ ಇರುತ್ತದೆ. ಜನರಲ್ ಮೋಟಾರ್ಸಿನ ಎರಕಗಳಲ್ಲಿ ತಿಂಗಳಿಗೊಂದು ಅಕ್ಷರ, ಅನಂತರ ದಿನ, ಕೊನೆಯಲ್ಲಿ ವರ್ಷದ ಕೊನೆಯ ಅಂಕಿ. 'ಸಿ 14 7' ಎಂದಿದ್ದರೆ 1967ರ ಮಾರ್ಚ್ 14. ಅದು 1977 ಆಗಿರಲೂಬಹುದಾದ್ದರಿಂದ ಎರಕದ ಸಂಖ್ಯೆಯೊಂದಿಗೆ ತಾಳೆ ನೋಡಿಯೇ ತೀರ್ಮಾನಿಸಬೇಕು. ಪ್ರದರ್ಶನಕ್ಕಾಗಿ ಕಾರನ್ನು ಸಿದ್ಧಪಡಿಸುವವರಿಗೆ ಈ ದಿನಾಂಕ ಮುಖ್ಯ: ಪಂಪನ್ನು ಎರಕ ಹೊಯ್ದದ್ದು ಕಾರು ಜೋಡಣೆಯಾದುದಕ್ಕಿಂತ ಮುಂಚೆಯೇ ಆಗಿರಬೇಕು. ನಿತ್ಯ ಓಡಿಸಲು ಬಯಸುವವರು ಇದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಅಳತೆಗಳು

ಸಂಖ್ಯೆಗಳು ಅಳಿಸಿಹೋಗಿದ್ದರೂ, ಹಿಂದಿನ ಮಾಲೀಕರು ತಪ್ಪು ಪಂಪನ್ನೇ ಕೂರಿಸಿದ್ದರೂ ನಮ್ಮನ್ನು ಕಾಪಾಡುವುದು ಅಳತೆ. ವರ್ನಿಯರ್ ಕ್ಯಾಲಿಪರ್ ಮತ್ತು ಉಕ್ಕಿನ ಅಳತೆಪಟ್ಟಿ ಇದ್ದರೆ ಸಾಕು. ಎಲ್ಲಕ್ಕಿಂತ ಮೊದಲು ಬ್ಲಾಕಿನ ಮೇಲ್ಮೈಯಿಂದ ಹಬ್ಬಿನ ಮುಖದವರೆಗಿನ ಎತ್ತರವನ್ನು ತೆಗೆಯಬೇಕು. ಬಳಿಕ ಹಬ್ಬಿನ ಬೋಲ್ಟ್ ರಂಧ್ರಗಳು ಇರುವ ವೃತ್ತದ ವ್ಯಾಸ ಮತ್ತು ಪುಲ್ಲಿಯ ನಡುರಂಧ್ರದೊಳಗೆ ಹೋಗುವ ಶಾಫ್ಟ್ ತುದಿಯ ವ್ಯಾಸ. ಷೆವರ್ಲೆ ಪಂಪುಗಳಲ್ಲಿ ಈ ತುದಿ ಕೆಲವಕ್ಕೆ 5/8 ಅಂಗುಲ, ಕೆಲವಕ್ಕೆ ಮುಕ್ಕಾಲು ಅಂಗುಲ. ದಪ್ಪ ತುದಿ ಸಣ್ಣ ರಂಧ್ರದ ಪುಲ್ಲಿಯೊಳಗೆ ಹೋಗುವುದಿಲ್ಲ, ಸಣ್ಣ ತುದಿ ದೊಡ್ಡ ರಂಧ್ರದಲ್ಲಿ ನಡುವಿಗೆ ನಿಲ್ಲದೆ ಪುಲ್ಲಿ ಓಲಾಡುತ್ತದೆ.

ನೀರಿನ ಕೊಳವೆಗಳ ದಿಕ್ಕು ಅಷ್ಟೇ ಮುಖ್ಯ. ಫೋರ್ಡ್ ಸ್ಮಾಲ್ ಬ್ಲಾಕ್ ವಿ8ನಲ್ಲಿ 1969ರವರೆಗೆ ರೇಡಿಯೇಟರಿನ ಕೆಳಹೋಸು ಪಂಪಿನ ಬಲಬದಿಗೆ, ಅಂದರೆ ಅಮೆರಿಕದ ಕಾರಿನಲ್ಲಿ ಚಾಲಕರ ಪಕ್ಕದವರು ಕೂರುವ ಬದಿಗೆ ಸೇರುತ್ತಿತ್ತು, 1970ರಿಂದ ಎಡಬದಿಗೆ. ರೇಡಿಯೇಟರ್ ಹಳೆಯದು, ಪಂಪ್ ಹೊಸ ವಿನ್ಯಾಸದ್ದು ಎಂದಾದರೆ ಹೋಸನ್ನು ಸುತ್ತಿ ಬಳಸಿ ಜೋಡಿಸುವ ಅಡ್ಡದಾರಿಗೆ ಇಳಿಯಬೇಕಾಗುತ್ತದೆ. ಬ್ರಿಟನ್ನಿನ ಮಿನಿ ಕಾರಿನ ಎ-ಸರಣಿ ಎಂಜಿನ್ನಿನಲ್ಲಿ ಹೆಡ್ಡಿನಿಂದ ಪಂಪಿಗೆ ಬರುವ ಚಿಕ್ಕ ಬೈಪಾಸ್ ಹೋಸಿನ ವಿಷಯವೂ ಇಂಥದೇ: ಕೆಲವು ಪಂಪುಗಳಿಗೆ ಅದರ ಮೂತಿ ಇದೆ, ಕೆಲವಕ್ಕೆ ಇಲ್ಲ. ಹೆಡ್ ಮತ್ತು ಪಂಪ್ ಪರಸ್ಪರ ಹೊಂದಬೇಕು.

ಇನ್ನು ತಿರುಗುವ ದಿಕ್ಕು. ಇಂಗ್ಲಿಷಿನ 'ವಿ' ಆಕಾರದ ಹಳೆಯ ಬೆಲ್ಟ್ ತನ್ನ ಒಳಬದಿಯಿಂದ ಪುಲ್ಲಿಯನ್ನು ತಿರುಗಿಸುತ್ತದೆ. ಈಚಿನ ಉದ್ದನೆಯ ಚಪ್ಪಟೆ ಬೆಲ್ಟಿನ ವ್ಯವಸ್ಥೆಗಳಲ್ಲಿ ಬೆಲ್ಟಿನ ಬೆನ್ನು ಪಂಪಿನ ಪುಲ್ಲಿಯ ಮೇಲೆ ಹಾಯುವುದರಿಂದ ಪಂಪ್ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಒಂದೇ ಎಂಜಿನ್ ಕುಟುಂಬಕ್ಕೆ ಎರಡೂ ಬಗೆಯ ಪಂಪುಗಳು ಮಾರುಕಟ್ಟೆಯಲ್ಲಿವೆ, ಹೊರಗಿನಿಂದ ನೋಡಲು ಬಹುತೇಕ ಒಂದೇ ರೀತಿ. ಬಾಗಿದ ಅಲಗುಗಳ ಇಂಪೆಲರ್ ಉಲ್ಟಾ ತಿರುಗಿದರೆ ನೀರನ್ನು ಸಾಕಷ್ಟು ತಳ್ಳುವುದಿಲ್ಲ. ಎಲ್ಲವೂ ಸರಿಯಾಗಿ ಕೂತಂತೆ ಕಂಡರೂ ಎಂಜಿನ್ ವಿಪರೀತ ಬಿಸಿಯಾಗುತ್ತಲೇ ಇರುತ್ತದೆ. ಆದ್ದರಿಂದ ಹಿಂಬದಿಯ ತಗಡನ್ನು ಬಿಚ್ಚಿ ಅಲಗುಗಳ ಬಾಗು ಹಳೆಯದರಂತೆಯೇ ಇದೆಯೇ ಎಂದು ಕಣ್ಣಾರೆ ನೋಡುವುದು ಒಳ್ಳೆಯದು. ಅಲಗುಗಳಿಗೂ ಒಡಲಿಗೂ ನಡುವಿನ ಅಂತರ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚಿದ್ದರೆ ಅಲ್ಲಿಯೂ ಒತ್ತಡ ಸೋರಿಹೋಗುತ್ತದೆ. ಹವಾನಿಯಂತ್ರಣವಿದ್ದ ಕಾರುಗಳಿಗೆ ಕೆಲವು ತಯಾರಕರು ಬೇರೆ ಅಳತೆಯ ಪುಲ್ಲಿ ಕೊಡುತ್ತಿದ್ದರೆಂಬುದನ್ನೂ ಗಮನಿಸಬೇಕು.

ಹೊಸದೋ, ರಿಪೇರಿಯೋ?

ಮೂಲ ಪಂಪಿನ ಒಡಲಿನಲ್ಲಿ ಬಿರುಕಿಲ್ಲದಿದ್ದರೆ, ಗ್ಯಾಸ್ಕೆಟ್ ಕೂರುವ ಮೇಲ್ಮೈ ತುಕ್ಕು ತಿಂದು ಗುಳಿ ಬಿದ್ದಿರದಿದ್ದರೆ, ಅದಕ್ಕೇ ಹೊಸ ಬೇರಿಂಗ್, ಶಾಫ್ಟ್, ಸೀಲ್ ಹಾಕಿಸುವುದನ್ನು ನಾನು ಮೊದಲ ಆಯ್ಕೆಯಾಗಿ ಸೂಚಿಸುತ್ತೇನೆ. ಎತ್ತರ, ಮೂತಿ, ದಿನಾಂಕ ಯಾವುದರ ಗೊಂದಲವೂ ಇರುವುದಿಲ್ಲ. ಜೊತೆಗೆ ಹಿಂದೆ ಗ್ರೀಸ್ ಮತ್ತು ಪ್ಯಾಕಿಂಗ್ ಮೇಲೆ ನಿಂತಿದ್ದ ಕೆಲವು ತುಂಬ ಹಳೆಯ ಪಂಪುಗಳಿಗೆ ಹೊರರೂಪ ಬದಲಾಗದಂತೆ ಇಂದಿನ ಸೀಲನ್ನು ಅಳವಡಿಸಲೂ ಬರುತ್ತದೆ. ಹೊಸದನ್ನೇ ಕೊಳ್ಳುವುದಾದರೆ ಹಳೆಯದನ್ನು ವಿನಿಮಯಕ್ಕೆ ಕೊಡುವ ಮುನ್ನ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಪ್ರತಿ ಅಳತೆಯನ್ನೂ ಹೋಲಿಸಬೇಕು. ವರ್ಷಗಟ್ಟಲೆ ಗೋದಾಮಿನಲ್ಲಿದ್ದ ಬಳಸದ ಹಳೆಯ ಪಂಪಿನ ಸೀಲ್ ಒಣಗಿರುವ ಸಂಭವವಿರುವುದರಿಂದ, ಪೆಟ್ಟಿಗೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಸೀಲ್ ಬದಲಿಸದೆ ಕೂರಿಸದಿರುವುದು ಲೇಸು.

ಪಂಪ್ ನಿಜವಾಗಿಯೂ ಕೆಟ್ಟಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಒಡಲಿನ ಕೆಳಗಿನ ಚಿಕ್ಕ ಸೋರುರಂಧ್ರದಿಂದ ನೀರು ಹನಿಯುತ್ತಿದ್ದರೆ ಸೀಲ್ ಹೋಗಿದೆ. ಬೆಲ್ಟ್ ತೆಗೆದು ಹಬ್ಬನ್ನು ಅಲುಗಿಸಿದಾಗ ಆಟವಿದ್ದರೆ ಬೇರಿಂಗ್ ಹೋಗಿದೆ. ಇವೆರಡೂ ಇಲ್ಲದೆ ಎಂಜಿನ್ ಮಾತ್ರ ವಿಪರೀತ ಬಿಸಿಯಾಗುತ್ತಿದ್ದರೆ ಥರ್ಮೋಸ್ಟಾಟ್ ಮತ್ತು ಕಟ್ಟಿಕೊಂಡ ರೇಡಿಯೇಟರನ್ನು ಮೊದಲು ಪರೀಕ್ಷಿಸಬೇಕು.

ಕೂರಿಸುವಾಗ

ಪಂಪಿನ ಬೋಲ್ಟುಗಳು ಸಾಮಾನ್ಯವಾಗಿ ಬೇರೆ ಬೇರೆ ಉದ್ದದವಾಗಿರುತ್ತವೆ. ರಟ್ಟಿನ ತುಂಡಿನ ಮೇಲೆ ಪಂಪಿನ ಆಕಾರ ಬರೆದು ಆಯಾ ಜಾಗದಲ್ಲಿ ಬೋಲ್ಟನ್ನು ಚುಚ್ಚಿಟ್ಟರೆ ಗೊಂದಲವಾಗದು. ಕೆಲವು ಎಂಜಿನ್ನುಗಳಲ್ಲಿ ಬೋಲ್ಟ್ ರಂಧ್ರಗಳು ನೀರಿನ ಕೋಶದವರೆಗೆ ತೆರೆದಿರುವುದರಿಂದ ಅಂಥ ಬೋಲ್ಟುಗಳ ತಿರುಪಿನ ಎಳೆಗಳಿಗೆ ಸೀಲಂಟ್ ಹಚ್ಚಬೇಕು. ಎಳೆಗಳು ಮೆಟ್ರಿಕ್ಕೋ ಅಂಗುಲದವೋ ಎಂದು ಕೈಯಲ್ಲೇ ತಿರುಗಿಸಿ ನೋಡದೆ ಸ್ಪ್ಯಾನರ್ ಹಾಕಬಾರದು. ಗ್ಯಾಸ್ಕೆಟ್ ಮೇಲ್ಮೈಯನ್ನು ಪೂರ್ತಿ ಕೆರೆದು ಶುಚಿಗೊಳಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಹಂತಹಂತವಾಗಿ ಬಿಗಿಯಬೇಕು.

ಪುಲ್ಲಿ ಹಾಕಿದ ಮೇಲೆ ಉಕ್ಕಿನ ಪಟ್ಟಿಯೊಂದನ್ನು ಕ್ರ್ಯಾಂಕ್ ಪುಲ್ಲಿ, ಪಂಪ್ ಪುಲ್ಲಿ, ಆಲ್ಟರ್ನೇಟರ್ ಪುಲ್ಲಿಗಳ ಮುಖಕ್ಕೆ ಆನಿಸಿ ಬೆಲ್ಟಿನ ಜಾಡು ಒಂದೇ ನೇರದಲ್ಲಿದೆಯೇ ನೋಡಬೇಕು. ಫ್ಯಾನಿನ ರೆಕ್ಕೆ ಬಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಅದನ್ನೂ ಈಗಲೇ ಬದಲಿಸಬೇಕು, ಏಕೆಂದರೆ ತೂಕ ತಪ್ಪಿದ ಫ್ಯಾನು ಹೊಸ ಬೇರಿಂಗನ್ನೂ ಬೇಗನೆ ಕೊಲ್ಲುತ್ತದೆ. ಕೂಲೆಂಟ್ ತುಂಬುವಾಗ ಹೀಟರಿನ ಕವಾಟ ತೆರೆದಿಟ್ಟು ಗಾಳಿ ಹೊರಹೋಗುವವರೆಗೆ ಎಂಜಿನ್ನನ್ನು ನಿಧಾನವಾಗಿ ಓಡಿಸಿ. ರೇಡಿಯೇಟರಿನ ಮುಚ್ಚಳ ಕಾರಿನ ಕೈಪಿಡಿಯಲ್ಲಿ ಹೇಳಿದ ಒತ್ತಡದ್ದೇ ಆಗಿರಲಿ. ಕಡಿಮೆ ಒತ್ತಡಕ್ಕೆಂದು ಮಾಡಿದ ಹಳೆಯ ರೇಡಿಯೇಟರಿಗೆ ಹೆಚ್ಚಿನದನ್ನು ಹಾಕಿದರೆ ಬೆಸುಗೆಯ ಕಡೆಗಳಲ್ಲಿ ಸೋರತೊಡಗಬಹುದು. ಎಂಜಿನ್ ಪೂರ್ತಿ ತಣಿದ ಮೇಲೆ ನೀರಿನ ಮಟ್ಟ, ಬೆಲ್ಟಿನ ಬಿಗಿ ಮತ್ತು ಸೋರುರಂಧ್ರ ಮೂರನ್ನೂ ಮತ್ತೊಮ್ಮೆ ನೋಡಿ, ಕೂರಿಸಿದ ಪಂಪಿನ ಬಿಡಿಭಾಗ ಸಂಖ್ಯೆ ಹಾಗೂ ಅಳತೆಗಳನ್ನು ಕಾರಿನ ದಾಖಲೆ ಪುಸ್ತಕದಲ್ಲಿ ಬರೆದಿಡಿ.