ಭೂಮಿಯೊಳಗೆ ಗ್ಯಾಸ್ ಬಿಡುವುದು ನಿಲ್ಲಿಸಿದ ಮೇಲೆ: ಒಂದು ಮರಳಿನ ಪೆಟ್ಟಿಗೆಯ ಅನುಭವ

ಗಾಳಿಗೆ ಸೇರದಿರಲಿ ಎಂದು ಕಾರ್ಬನ್ ಡೈಆಕ್ಸೈಡನ್ನು ಹಳೆಯ ತೈಲ ನಿಕ್ಷೇಪಗಳಲ್ಲಿ ತುಂಬಿಡುವ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು, ಎಷ್ಟು ಟನ್ ಒಳಗೆ ಹೋಗುತ್ತದೆ ಎಂದು. ಇಂಥ ನಿಕ್ಷೇಪಗಳ ಕಂಪ್ಯೂಟರ್ ಮಾದರಿ ಮಾಡುವುದು ನನ್ನ ಕೆಲಸ. ಬೆಂಗಳೂರಿನ ಆಫೀಸಿನಲ್ಲಿ ಕೂತು, ಎಲ್ಲೋ ದೂರದ ಕಲ್ಲಿನೊಳಗೆ ನೀರು, ಎಣ್ಣೆ, ಗ್ಯಾಸ್ ಮೂರೂ ಒಟ್ಟಿಗೆ ಹೇಗೆ ಹರಿಯುತ್ತವೆ ಎಂದು ಲೆಕ್ಕ ಹಾಕುತ್ತೇನೆ. ಬಿಡುವಿನಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠವನ್ನೂ ಮಾಡುತ್ತೇನೆ. ಅಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ನನಗೆ ಟನ್ ಲೆಕ್ಕಕ್ಕಿಂತ ಮುಖ್ಯ ಅನಿಸಿತು: "ಮೇಡಂ, ಗ್ಯಾಸ್ ಬಿಡೋದು ನಿಲ್ಲಿಸಿದ ಮೇಲೆ ಅದು ಏನಾಗುತ್ತೆ?"

ಇದನ್ನು ಪರದೆಯ ಮೇಲಿನ ಬಣ್ಣದ ಚಿತ್ರದಲ್ಲಿ ತೋರಿಸಿದರೆ ಸಾಲದು. ಬೆಂಗಳೂರಿನ ಮಕ್ಕಳಿಗೆ ಇನ್ನೂ ಒಂದು ತೊಡಕಿದೆ. ನಮ್ಮ ಕಾಲಡಿ ಇರುವುದು ಲಾಲ್‌ಬಾಗ್‌ನಲ್ಲಿ ಕಾಣುವಂಥ ನೈಸ್ (gneiss) ಎಂಬ ಗಟ್ಟಿ ಬಂಡೆ, ಸುಮಾರು 300 ಕೋಟಿ ವರ್ಷ ಹಳೆಯದು. ಇಲ್ಲಿ ಬೋರ್‌ವೆಲ್‌ಗೆ ನೀರು ಸಿಗುವುದು ಬಿರುಕುಗಳಿಂದ. ತೈಲ ಇರುವ ಮರಳುಗಲ್ಲು ಹಾಗಲ್ಲ. ಒಳ್ಳೆಯ ಮರಳುಗಲ್ಲಿನಲ್ಲಿ ಶೇ 15ರಿಂದ 30ರಷ್ಟು ಜಾಗ ಕಣ್ಣಿಗೆ ಕಾಣದ ತೂತುಗಳೇ. ಗ್ಯಾಸ್ ಕೂರುವುದು ಆ ತೂತುಗಳಲ್ಲಿ, ಅದೂ ಮೊದಲೇ ಇರುವ ನೀರನ್ನೋ ಎಣ್ಣೆಯನ್ನೋ ಸರಿಸಿಕೊಂಡು. ಇದು ಕಣ್ಣಿಗೆ ಕಾಣಬೇಕು ಎಂದೇ ನಾವು ಮರಳಿನ ಪೆಟ್ಟಿಗೆ ಮಾಡಲು ಹೊರಟೆವು. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದಲ್ಲಿ ಫ್ಲೂಯಿಡ್‌ಫ್ಲವರ್ ಎಂಬ ದೊಡ್ಡ ಮರಳಿನ ತೊಟ್ಟಿ ಇದೆ. ನಮ್ಮದು ಅದರ ಮೇಜಿನ ಮೇಲಿನ ಅವತಾರ.

ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಎರಡು ದಪ್ಪ ಅಕ್ರಿಲಿಕ್ ಹಾಳೆ ಕೊಯ್ಯಿಸಿ, ನಡುವೆ ರಬ್ಬರ್ ಪಟ್ಟಿ ಇಟ್ಟು, ಸುತ್ತ ಹತ್ತಿರ ಹತ್ತಿರ ಬೋಲ್ಟ್ ಹಾಕಿಸಿದೆವು. "ಫಿಶ್ ಟ್ಯಾಂಕ್‌ಗೆ ಇಷ್ಟೊಂದು ಬೋಲ್ಟ್ ಯಾಕೆ ಮೇಡಂ?" ಎಂದು ವರ್ಕ್‌ಶಾಪ್‌ನವರು ಕೇಳಿದರು. ಒದ್ದೆ ಮರಳು ಹಾಳೆಯನ್ನು ಹೊರಕ್ಕೆ ತಳ್ಳುತ್ತದೆ. ಹಾಳೆ ಸ್ವಲ್ಪ ಬಾಗಿದರೂ ಗ್ಯಾಸ್ ಮರಳಿನೊಳಗೆ ಹೋಗದೆ ಗೋಡೆಯ ಸಂದಿಯಲ್ಲಿ ಸಲೀಸಾಗಿ ಮೇಲೆ ಓಡುತ್ತದೆ. ಆಗ ಪ್ರಯೋಗಕ್ಕೆ ಅರ್ಥವೇ ಇಲ್ಲ.

ಮರಳಿಗೆ ಎಂ-ಸ್ಯಾಂಡ್ ಬೇಡ, ಅದರಲ್ಲಿ ಕಲ್ಲಿನ ಪುಡಿ ಜಾಸ್ತಿ. ಅಪಾರ್ಟ್‌ಮೆಂಟ್‌ಗಳ ನೀರಿನ ಫಿಲ್ಟರ್‌ಗೆ ಹಾಕುವ ಸಿಲಿಕಾ ಮರಳು ತಂದು, ತೊಳೆದು, ಜರಡಿ ಹಿಡಿದೆವು. ಕೆಳಗೆ ಒಂದೆರಡು ಮಿಲಿಮೀಟರ್‌ನ ದಪ್ಪ ಮರಳು, ಅದು ನಮ್ಮ ನಿಕ್ಷೇಪ. ಮೇಲೆ ತುಂಬಾ ಸಣ್ಣ ಮರಳಿನ ಪದರ, ಅದು ಮುಚ್ಚಳದ ಬಂಡೆ. ಸಣ್ಣ ಮರಳಿನ ಕಿರಿದಾದ ತೂತಿನಲ್ಲಿ ನೀರು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದನ್ನು ತಳ್ಳಿ ಒಳನುಗ್ಗುವಷ್ಟು ಒತ್ತಡ ಕೆಳಗಿನ ಗ್ಯಾಸ್‌ಗೆ ಬರುವ ತನಕ ಮುಚ್ಚಳ ತಡೆಯುತ್ತದೆ. ನಿಜವಾದ ಜೇಡಿಬಂಡೆ ತಡೆಯುವುದೂ ಇದೇ ರೀತಿ.

ನೀರಿನ ವಿಷಯದಲ್ಲಿ ಎಚ್ಚರ ಬೇಕು. ಗ್ಯಾಸ್ ಎಲ್ಲಿ ಕರಗಿತು ಎಂದು ತೋರಿಸಲು ಬ್ರೋಮೋಥೈಮಾಲ್ ಬ್ಲೂ ಎಂಬ ಬಣ್ಣ ಹಾಕುತ್ತೇವೆ. ಗ್ಯಾಸ್ ಕರಗಿದರೆ ನೀರು ಹುಳಿಯಾಗಿ ಪಿಎಚ್ ಇಳಿಯುತ್ತದೆ. ಪಿಎಚ್ 7.6ಕ್ಕಿಂತ ಮೇಲೆ ಬಣ್ಣ ನೀಲಿ, 6ಕ್ಕಿಂತ ಕೆಳಗೆ ಹಳದಿ. ನಮ್ಮ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬನೇಟ್ ಜಾಸ್ತಿ ಇರುವುದರಿಂದ ಬಣ್ಣ ಬೇಗ ತಿರುಗುವುದಿಲ್ಲ, ಅಂಚುಗಳು ಹಸಿರಾಗಿಯೇ ಉಳಿಯುತ್ತವೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು, ಕುದಿಸಿ ಆರಿಸಿ, ಮೊದಲಿಗೆ ನೀಲಿ ಬರುವಷ್ಟು ಮಾತ್ರ, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಸರಿಹೋಗುತ್ತದೆ. ಕುದಿಸುವುದು ಕರಗಿದ ಗಾಳಿ ಹೊರಹೋಗಲಿ ಎಂದು.

ಮರಳಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಲು ಲ್ಯಾಬ್‌ಗಳಲ್ಲಿ ಮಾಡುವ ಒಂದು ಉಪಾಯವಿದೆ. ಒಣ ಮರಳಿನಲ್ಲಿ ಮೊದಲು ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಗಾಳಿಯನ್ನು ಹೊರಗೆ ಕಳಿಸುವುದು, ಆಮೇಲೆ ನೀರು ಬಿಡುವುದು. ಉಳಿದ ಗ್ಯಾಸ್ ನೀರಿನಲ್ಲಿ ಕರಗಿಹೋಗುತ್ತದೆ. ನೀರು ಮತ್ತೆ ನೀಲಿಯಾಗಿ ಹೊರಬರುವ ತನಕ ಹರಿಸಬೇಕು. ಗ್ಯಾಸ್‌ಗೆ ಅಕ್ವೇರಿಯಂ ಗಿಡಗಳಿಗೆ ಬಳಸುವ ಪುಟ್ಟ ಸಿಲಿಂಡರ್ ಮತ್ತು ಸೂಜಿ ವಾಲ್ವ್ ಸಾಕು. ಕಿಟಕಿ ಮಾತ್ರ ತೆರೆದಿರಲಿ.

ಕೆಳಗಿನಿಂದ ನಿಧಾನವಾಗಿ ಬಿಟ್ಟ ಗ್ಯಾಸ್ ಕವಲೊಡೆದುಕೊಂಡು ಮೇಲೇರಿತು, ಮುಚ್ಚಳದ ಕೆಳಗೆ ತೆಳ್ಳಗೆ ಹರಡಿಕೊಂಡಿತು. ವಾಲ್ವ್ ಮುಚ್ಚಿದ ಮೇಲೆ ನಡೆದದ್ದನ್ನು ತೋರಿಸಲೆಂದೇ ಇಷ್ಟೆಲ್ಲ ಮಾಡಿದ್ದು. ಗ್ಯಾಸ್ ಮೇಲೆ ಸರಿದಂತೆ ಅದರ ಹಿಂದೆಯೇ ನೀರು ವಾಪಸ್ ಬಂತು. ನೀರು ಕಣಗಳ ಮೈಗೆ ಅಂಟಿಕೊಂಡೇ ಬರುತ್ತದೆ. ತೂತಿನ ಕುತ್ತಿಗೆ ಕಿರಿದಾದಲ್ಲಿ ಸುತ್ತಲಿನ ನೀರು ಸೇರಿಕೊಂಡು ಗ್ಯಾಸಿನ ಎಳೆಯನ್ನು ಕತ್ತರಿಸುತ್ತದೆ. ಉಳಿದದ್ದು ಬಿಡಿ ಬಿಡಿ ಗುಳ್ಳೆಗಳು. ಅವು ಮೇಲೂ ಹೋಗಲಿಲ್ಲ, ಪಕ್ಕಕ್ಕೂ ಹೋಗಲಿಲ್ಲ. ಹಾದುಬಂದ ದಾರಿಯುದ್ದಕ್ಕೂ ಸಿಕ್ಕಿಕೊಂಡವು. ಮುಚ್ಚಳದ ಸಹಾಯವೇ ಇಲ್ಲದೆ ನಿಂತ ಗ್ಯಾಸ್ ಅದು.

ಇಲ್ಲೇ ಮಾದರಿಯ ಮುಖ್ಯ ವಿಚಾರ ಬರುತ್ತದೆ. ನೀರು ಮತ್ತು ಗ್ಯಾಸ್ ಒಟ್ಟಿಗೆ ಹರಿಯುವಾಗ ಒಂದು ಇನ್ನೊಂದಕ್ಕೆ ಎಷ್ಟು ದಾರಿ ಬಿಡುತ್ತದೆ ಎಂಬುದಕ್ಕೆ ರಿಲೇಟಿವ್ ಪರ್ಮಿಯಬಿಲಿಟಿ ಗೆರೆ ಹಾಕುತ್ತೇವೆ. ಗ್ಯಾಸ್ ನುಗ್ಗುವಾಗ ಇರುವ ಗೆರೆ, ನೀರು ವಾಪಸ್ ಬರುವಾಗ ಇರುವುದಿಲ್ಲ. ಇದಕ್ಕೆ ಹಿಸ್ಟೆರಿಸಿಸ್ ಎನ್ನುತ್ತಾರೆ. ನಮ್ಮ ಪೆಟ್ಟಿಗೆಯನ್ನೇ ಓಪಿಎಂ ಫ್ಲೋ ಎಂಬ ಮುಕ್ತ ತಂತ್ರಾಂಶದಲ್ಲಿ ಕಟ್ಟಿ ಓಡಿಸಿದೆವು. ಒಂದೇ ಗೆರೆ ಕೊಟ್ಟಾಗ ಗ್ಯಾಸ್ ಪೂರ್ತಿ ಮೇಲೆ ಹೋಗಿ ಮುಚ್ಚಳಕ್ಕೆ ಅಂಟಿಕೊಂಡಿತು. ಎರಡು ಗೆರೆ ಕೊಟ್ಟಾಗ ಮಾತ್ರ ಗುಳ್ಳೆಗಳ ಬಾಲ ಉಳಿಯಿತು, ನಾವು ತೆಗೆದ ಫೋಟೋದಲ್ಲಿ ಇದ್ದ ಹಾಗೆ.

ಎಷ್ಟು ಸಿಕ್ಕಿಕೊಳ್ಳುತ್ತದೆ ಎಂಬುದಕ್ಕೆ ಲ್ಯಾಂಡ್ ಎಂಬ ಸಂಶೋಧಕ 1968ರಲ್ಲಿ ಕೊಟ್ಟ ಸರಳ ಸೂತ್ರವಿದೆ. ಮೊದಲು ತುಂಬಿದ್ದ ಗ್ಯಾಸ್ ಪ್ರಮಾಣವನ್ನು, ಒಂದಕ್ಕೆ ಅದೇ ಪ್ರಮಾಣದ ಸಿ ಪಟ್ಟು ಕೂಡಿಸಿದ ಸಂಖ್ಯೆಯಿಂದ ಭಾಗಿಸಬೇಕು. ಸಿ ಎಂಬುದು ಆಯಾ ಕಲ್ಲಿನ ಗುಣ. ಅದು 2 ಎಂದಿಟ್ಟುಕೊಳ್ಳಿ. ತೂತುಗಳಲ್ಲಿ ಶೇ 60 ಗ್ಯಾಸ್ ತುಂಬಿದ್ದರೆ ಶೇ 27 ಸಿಕ್ಕಿಕೊಳ್ಳುತ್ತದೆ. ಶೇ 30 ತುಂಬಿದ್ದರೆ ಸುಮಾರು ಶೇ 19. ಅಂದರೆ ಮೊದಲನೆಯದರಲ್ಲಿ ಅರ್ಧಕ್ಕಿಂತ ಕಡಿಮೆ ನಿಂತಿತು, ಎರಡನೆಯದರಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಪಾಲು. ಒಂದೇ ಕಡೆ ದಟ್ಟವಾಗಿ ತುಂಬುವುದಕ್ಕಿಂತ ಹೆಚ್ಚು ಕಲ್ಲಿನಲ್ಲಿ ಹರಡುವುದು ಒಳ್ಳೆಯದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಬಾವಿಯನ್ನು ನಿಕ್ಷೇಪದ ತಳದಲ್ಲಿ ತೆರೆಯಿರಿ, ಗ್ಯಾಸ್ ಮೇಲೇರುತ್ತಾ ತಾನೇ ಸಿಕ್ಕಿಕೊಳ್ಳಲಿ.

ಪೆಟ್ಟಿಗೆ ಹೇಳದ ಸಂಗತಿಗಳೂ ಇವೆ. ಇಲ್ಲಿ ಕಾರ್ಬನ್ ಡೈಆಕ್ಸೈಡ್ ಬರೀ ಗ್ಯಾಸ್. 31 ಡಿಗ್ರಿ ಸೆಲ್ಸಿಯಸ್ ಮತ್ತು ಸುಮಾರು 74 ಬಾರ್ ಒತ್ತಡ ದಾಟಿದರೆ, ಅಂದರೆ ಸಾಮಾನ್ಯವಾಗಿ 800 ಮೀಟರ್ ಆಳಕ್ಕಿಂತ ಕೆಳಗೆ, ಅದು ದ್ರವದಷ್ಟು ದಟ್ಟ ಆದರೆ ಗ್ಯಾಸಿನಷ್ಟು ತೆಳು. ನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಹರಿಯುತ್ತದೆ. ಪೆಟ್ಟಿಗೆಯಲ್ಲಿ ಕೆಲವು ಗಂಟೆಗಳಲ್ಲೇ ಗ್ಯಾಸ್ ಕರಗಿದ ಭಾರದ ನೀರು ಹಳದಿ ಬೆರಳುಗಳಾಗಿ ಕೆಳಗಿಳಿಯುತ್ತದೆ. ಭೂಮಿಯೊಳಗೆ ಅದಕ್ಕೆ ನೂರಾರು ವರ್ಷ ಬೇಕಾಗಬಹುದು. ಸಣ್ಣ ಪದರಗಳ ಪ್ರಭಾವವೂ ದೊಡ್ಡದು. 1996ರಿಂದ ಗ್ಯಾಸ್ ತುಂಬಿದ ನಾರ್ವೆಯ ಸ್ಲೈಪ್ನರ್‌ನಲ್ಲಿ, ಮೀಟರ್ ದಪ್ಪದ ಜೇಡಿ ಪದರಗಳು ಗ್ಯಾಸನ್ನು ಒಂಬತ್ತು ಹಾಸುಗಳಾಗಿ ಹಂಚಿದವು. ಹಾಗಾಗಿ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕಕ್ಕಾಗಿ ಕಲ್ಲನ್ನು ಪದರಗಳಾಗಿ ಭಾಗ ಮಾಡುವಾಗ, ಮುಚ್ಚಳದ ಕೆಳಗಿನ ಪದರಗಳನ್ನು ನಾನು ಒಂದು ಮೀಟರ್‌ಗಿಂತ ದಪ್ಪ ಇಡುವುದಿಲ್ಲ. ಹತ್ತು ಮೀಟರ್ ಇಟ್ಟರೆ ತೆಳ್ಳಗಿನ ಗ್ಯಾಸ್ ಎಷ್ಟು ದೂರ ಓಡುತ್ತದೆ ಎಂಬುದೇ ಗೊತ್ತಾಗುವುದಿಲ್ಲ.

ತೈಲ ನಿಕ್ಷೇಪದಲ್ಲಿ ಲೆಕ್ಕ ಇನ್ನೂ ಕಷ್ಟ. ಟೆಕ್ಸಾಸ್‌ನ ಸ್ಯಾಕ್ರಾಕ್‌ನಲ್ಲಿ 1972ರಿಂದ, ಕೆನಡಾದ ವೇಬರ್ನ್‌ನಲ್ಲಿ 2000ದಿಂದ ಎಣ್ಣೆ ಹೊರತೆಗೆಯಲು ಈ ಗ್ಯಾಸ್ ಬಳಸಿದ್ದಾರೆ. ಒತ್ತಡ ಸಾಕಷ್ಟಿದ್ದರೆ ಎಣ್ಣೆ ಮತ್ತು ಗ್ಯಾಸ್ ಬೆರೆತು ಒಂದೇ ಆಗುತ್ತವೆ. ಆಗ ಗುಳ್ಳೆಯ ಲೆಕ್ಕ ನಡೆಯುವುದಿಲ್ಲ. ಒಂದಷ್ಟು ಗ್ಯಾಸ್ ಎಣ್ಣೆಯ ಜೊತೆ ವಾಪಸ್ ಬರುತ್ತದೆ, ಅದನ್ನು ಬೇರ್ಪಡಿಸಿ ಮತ್ತೆ ಒಳಗೆ ಬಿಡಬೇಕು.

ಮುಂದಿನ ಪ್ರಯೋಗಕ್ಕೆ ಮೆಡಿಕಲ್ ಶಾಪ್‌ನ ಲಿಕ್ವಿಡ್ ಪ್ಯಾರಾಫಿನ್‌ಗೆ ಕೆಂಪು ಬಣ್ಣ ಹಾಕಿ ಇಟ್ಟಿದ್ದೇವೆ. ಮೇಜಿನ ಒತ್ತಡದಲ್ಲಿ ಅದು ಗ್ಯಾಸ್ ಜೊತೆ ಬೆರೆಯುವುದಿಲ್ಲ, ಆದರೆ ಮೂರೂ ಒಟ್ಟಿಗೆ ದಾರಿ ಹಂಚಿಕೊಳ್ಳುವುದನ್ನು ನೋಡಬಹುದು. ಎಣ್ಣೆ ತಾಗಿದ ಮರಳನ್ನು ಮತ್ತೆ ಬಳಸುವಂತಿಲ್ಲ, ಅದರ ಮೈಗೆ ನೀರು ಮೊದಲಿನಂತೆ ಅಂಟುವುದಿಲ್ಲ. ಪ್ರತಿ ಸಲಕ್ಕೂ ಹೊಸ ಮರಳು ತೊಳೆದು ಒಣಗಿಸಬೇಕು. ಆ ಕೆಲಸ ಈಗ ನಡೆಯುತ್ತಿದೆ.