ಬಲಗಡೆಯ ಕಾಲಂ ಮುಚ್ಚಿದ ಮೇಲೆ: ಫಂಕ್ಷನ್ ಗುರುತಿಸಲು ಕಲಿಸಿದ ನನ್ನ ಅನುಭವ

ಪ್ರಥಮ ಪಿಯುಸಿ ಗಣಿತದ ಎರಡನೆಯ ಅಧ್ಯಾಯವಾದ ಸಂಬಂಧಗಳು ಮತ್ತು ಫಂಕ್ಷನ್‌ಗಳನ್ನು ನಾನು ದಾವಣಗೆರೆಯ ನನ್ನ ಟ್ಯೂಷನ್ ಕೋಣೆಯಲ್ಲಿ ಸುಮಾರು ಹದಿನಾಲ್ಕು ವರ್ಷದಿಂದ ಹೇಳಿಕೊಡುತ್ತಿದ್ದೇನೆ. ಅದರಲ್ಲಿ ಮೊದಲ ಹತ್ತು ವರ್ಷ ನಾನು ಹೇಳಿದ ವ್ಯಾಖ್ಯೆಯಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಮಕ್ಕಳು ಬರೆದ ಉತ್ತರಗಳಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ತಪ್ಪಿರುತ್ತಿದ್ದವು. ಈಚಿನ ಮೂರ್ನಾಲ್ಕು ಬ್ಯಾಚುಗಳಲ್ಲಿ ಆ ತಪ್ಪು ಬಹುಮಟ್ಟಿಗೆ ನಿಂತಿದೆ. "ರಟ್ಟಿನ ತುಂಡು ಹಿಡಿದರೆ ಗಣಿತ ಬರ್ತದೇನ್ರೀ ಸರ?" ಎಂದು ನಕ್ಕಿದ್ದ ಹಿರಿಯ ಉಪನ್ಯಾಸಕರೊಬ್ಬರು ಕಳೆದ ಜೂನ್‌ನಲ್ಲಿ ಅದೇ ರಟ್ಟನ್ನು ಹತ್ತು ಕೇಳಿ ತೆಗೆದುಕೊಂಡು ಹೋದರು. ಆದ್ದರಿಂದ ಇದನ್ನು ಬರೆಯಲು ನನಗೀಗ ಹಕ್ಕಿದೆ ಎಂದುಕೊಂಡಿದ್ದೇನೆ.

ಮೊದಲು ರೋಗವನ್ನು ಹೇಳುತ್ತೇನೆ. ಒಂದು ಗಣದ ಸದಸ್ಯರನ್ನು ಇನ್ನೊಂದು ಗಣದವರೊಡನೆ ಜೋಡಿಸಿದ ಪಟ್ಟಿಗೆ ಸಂಬಂಧ ಎನ್ನುತ್ತಾರೆ; ಮೊದಲ ಗಣದ ಪ್ರತಿಯೊಬ್ಬ ಸದಸ್ಯನಿಗೂ ಎರಡನೆಯದರಲ್ಲಿ ಒಬ್ಬನೇ ಒಬ್ಬ ಜೊತೆಗಾರನಿದ್ದರೆ ಅದು ಫಂಕ್ಷನ್. (1, 5), (2, 5), (3, 5) ಎಂಬ ಮೂರು ಜೋಡಿಗಳನ್ನು ಕೊಟ್ಟು ಇದು ಫಂಕ್ಷನ್ ಹೌದೋ ಅಲ್ಲವೋ ಎಂದು ಕೇಳಿದಾಗ, ನಲವತ್ತು ಮಕ್ಕಳ ಒಂದು ಬ್ಯಾಚಿನಲ್ಲಿ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಮಂದಿ "ಅಲ್ಲ" ಎಂದು ಬರೆದಿದ್ದರು. ಕಾರಣದ ಜಾಗದಲ್ಲಿ ಎಲ್ಲರದೂ ಒಂದೇ ಮಾತು: 5 ಮೂರು ಸಲ ಬಂದಿದೆ. ವ್ಯಾಖ್ಯೆಯನ್ನು ಬಾಯಿಪಾಠ ಒಪ್ಪಿಸಿ ಎಂದರೆ ಅದೇ ಮಕ್ಕಳು ತಡವರಿಸದೆ ಒಪ್ಪಿಸುತ್ತಿದ್ದರು.

ಇದಕ್ಕೆ ನಾನು ಮಾಡಿದ ಮೊದಲ ಚಿಕಿತ್ಸೆ ಯಂತ್ರದ ಮಾದರಿ. ನಮ್ಮೂರಿನ ಮಕ್ಕಳಿಗೆ ಮಂಡಕ್ಕಿ ಭಟ್ಟಿಗಿಂತ ಪರಿಚಿತವಾದ ಯಂತ್ರ ಇನ್ನಾವುದಿದೆ ಎಂದು, ಬಡಗಿಯೊಬ್ಬರಿಗೆ ಹೇಳಿ ಮರದ ಒಂದು ಪೆಟ್ಟಿಗೆ ಮಾಡಿಸಿದೆ. ಮೇಲೊಂದು ತೂತು, ಕೆಳಗೊಂದು ತೂತು, ಒಟ್ಟು ಖರ್ಚು 1,800 ರೂಪಾಯಿಯ ಆಸುಪಾಸು. ಮೇಲೆ ಹಾಕಿದ್ದಕ್ಕೆ ತಕ್ಕಂತೆ ಕೆಳಗೆ ಒಂದೇ ಒಂದು ವಸ್ತು ಬರುತ್ತದೆ ಎಂದು ನಾನು ವಿವರಿಸುತ್ತಿರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಒಂದೇ ಚೀಲದ ಅಕ್ಕಿ ಹಾಕಿದರೂ ಭಟ್ಟಿಯಲ್ಲಿ ಅರಳಿದ್ದೂ ಬರ್ತದೆ, ಸೀದಿದ್ದೂ ಬರ್ತದೆ. ಹಂಗಾದ್ರೆ ಭಟ್ಟಿ ಫಂಕ್ಷನ್ ಅಲ್ಲ ಅಲ್ವಾ?" ಎಂದು ಕೇಳಿದ. ಅವನ ಮನೆಯವರದೇ ಭಟ್ಟಿ ಎಂದು ಆಮೇಲೆ ತಿಳಿಯಿತು. ನನ್ನ ಬಳಿ ಉತ್ತರವಿರಲಿಲ್ಲ. ಆ ಪೆಟ್ಟಿಗೆಯಲ್ಲಿ ಈಗ ಸೀಮೆಸುಣ್ಣ ಇಡುತ್ತೇನೆ.

ಎರಡನೆಯದು, ಎಡಗಡೆಯ ಗಣದ ಸದಸ್ಯರಿಂದ ಬಲಗಡೆಯ ಗಣದ ಜೊತೆಗಾರರಿಗೆ ಬಾಣ ಎಳೆದ ಚಿತ್ರಗಳು. ಆರು ಚಿತ್ರಗಳನ್ನು ದೊಡ್ಡದಾಗಿ ಫ್ಲೆಕ್ಸ್ ಮಾಡಿಸಿ ಗೋಡೆಗೆ ತೂಗುಹಾಕಿದ್ದಕ್ಕೆ 2,400 ರೂಪಾಯಿ ಹೋಯಿತು. ಬಾಣ ಎಂದ ಮೇಲೆ ಕಣ್ಣು ಅದರ ಮೊನೆಗೇ ಹೋಗುತ್ತದೆ, ಮೊನೆ ಇರುವುದು ಬಲಗಡೆಯ ಗಣದಲ್ಲಿ, ಅಲ್ಲಿ ಎರಡು ಬಾಣಗಳು ಒಂದೇ ಕಡೆ ಚುಚ್ಚಿಕೊಂಡಿದ್ದರೆ ಮಕ್ಕಳಿಗೆ ಅದೇ ಅಪರಾಧವಾಗಿ ಕಾಣುತ್ತದೆ. ಹಳೆಯ ತಪ್ಪನ್ನು ನಾನು ಬಣ್ಣದಲ್ಲಿ ಅಚ್ಚು ಹಾಕಿಸಿದಂತಾಯಿತು, ಅಷ್ಟೆ. ಆ ವರ್ಷ ನಾನು ಸಂಜೆ ಪಾಠಕ್ಕೆ ಹೋಗುತ್ತಿದ್ದ ಖಾಸಗಿ ಸಂಸ್ಥೆಯೊಂದು, ಈ ಅಧ್ಯಾಯಕ್ಕೆ ನಾನು ಆರು ದಿನ ಹೆಚ್ಚು ತೆಗೆದುಕೊಂಡೆನೆಂದು ಒಂದು ತಿಂಗಳ ಸಂಬಳವನ್ನೂ ಹಿಡಿದುಕೊಂಡಿತು.

ದಾರಿ ಕಂಡದ್ದು ಜಗಳೂರು ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳ ತೋರುಬೆರಳಿನಿಂದ. ಅವಳು ಲೆಕ್ಕ ನೋಡುವಾಗ ಬೆರಳಿಟ್ಟು ಓದುತ್ತಿದ್ದಳು, ಆ ಬೆರಳು ಪ್ರತಿ ಸಲವೂ ನೇರವಾಗಿ ಜೋಡಿಯ ಎರಡನೆಯ ಸಂಖ್ಯೆಗೇ ಹೋಗುತ್ತಿತ್ತು. ಅಂದರೆ ಅವಳಿಗೆ ನಿಯಮ ಗೊತ್ತಿತ್ತು, ನೋಡಬೇಕಾದ ಜಾಗ ಗೊತ್ತಿರಲಿಲ್ಲ. ಮೇಜಿನ ಮೇಲೆ ಯಾರದೋ ಲಗ್ನಪತ್ರಿಕೆ ಬಿದ್ದಿತ್ತು. ಅದನ್ನು ಉದ್ದಕ್ಕೆ ಹರಿದು ಬಲಗಡೆಯ ಕಾಲಂ ಪೂರ್ತಿ ಮುಚ್ಚಿ, "ಈಗ ಹೇಳಮ್ಮ" ಎಂದೆ. ಅವಳು ಎಡಗಡೆಯ 1, 2, 3 ಅನ್ನು ನೋಡಿ, ಒಂದು ಕ್ಷಣ ಸುಮ್ಮನಿದ್ದು, "ಯಾವುದೂ ಎರಡು ಸಲ ಬಂದಿಲ್ಲ ಸರ್, ಫಂಕ್ಷನ್ನೇ" ಎಂದಳು.

ವಿಧಾನ ಇಷ್ಟೇ. ಜೋಡಿಗಳನ್ನು ಎರಡು ಕಾಲಂ ಮಾಡಿ, ಎಡಗಡೆಯದನ್ನು ಏರಿಕೆಯ ಕ್ರಮದಲ್ಲಿ ಬರೆಯಿಸುತ್ತೇನೆ, ಬಲಗಡೆಯದನ್ನು ರಟ್ಟಿನಿಂದ ಮುಚ್ಚಿಸುತ್ತೇನೆ. ಎಡಗಡೆಯಲ್ಲಿ ಹಾಜರಿ ಕೂಗಿದಂತೆ, ಮೊದಲ ಗಣವಾದ ಡೊಮೈನ್‌ನ ಎಲ್ಲರೂ ಬಂದಿದ್ದಾರೆಯೇ ಎಂದು ಮೊದಲು ನೋಡಬೇಕು, ಯಾರಾದರೂ ಎರಡು ಸಲ ನಿಂತಿದ್ದಾರೆಯೇ ಎಂದು ಆಮೇಲೆ ನೋಡಬೇಕು. ಎರಡು ಸಲ ನಿಂತವರು ಸಿಕ್ಕಿದರೆ ಮಾತ್ರ, ಆ ಸಾಲುಗಳಷ್ಟಕ್ಕೆ ರಟ್ಟನ್ನು ಸರಿಸಿ, ಬಲಗಡೆ ಬೇರೆ ಬೇರೆ ಸಂಖ್ಯೆ ಇದೆಯೇ ಎಂದು ನೋಡಲು ಅಪ್ಪಣೆ. ಉಳಿದ ಸಾಲುಗಳನ್ನು ತೆರೆಯುವಂತೆಯೇ ಇಲ್ಲ. ಹೇಳಿಕೊಡುವವರಲ್ಲಿ ಅನೇಕರು ಹಾಜರಿಯ ಪರೀಕ್ಷೆಯನ್ನು ಬಿಟ್ಟುಬಿಡುತ್ತಾರೆ, ಹಾಗಾಗಿ ವಾಸ್ತವ ಸಂಖ್ಯೆಗಳ ಗಣದಿಂದ ಅದೇ ಗಣಕ್ಕೆ 1/ಎಕ್ಸ್ ಎಂಬುದು ಏಕೆ ಫಂಕ್ಷನ್ ಅಲ್ಲ ಎಂಬ ಪ್ರಶ್ನೆ ಬಂದಾಗ ಅವರ ಮಕ್ಕಳು ಕಕ್ಕಾಬಿಕ್ಕಿಯಾಗುತ್ತಾರೆ. ಹಾಜರಿ ಕೂಗಿ ಅಭ್ಯಾಸವಾದವರು ಸೊನ್ನೆ ಗೈರುಹಾಜರಾಗಿದೆ ಎಂದು ಎರಡು ನಿಮಿಷದಲ್ಲಿ ಹಿಡಿಯುತ್ತಾರೆ, ಸೊನ್ನೆಯನ್ನು ಡೊಮೈನ್‌ನಿಂದ ತೆಗೆದರೆ ಫಂಕ್ಷನ್ ಆಗುತ್ತದೆಂದೂ ತಾವೇ ಹೇಳುತ್ತಾರೆ.

ಎಡಗಡೆಗೇಕೆ ಇಷ್ಟು ಕಟ್ಟುನಿಟ್ಟು, ಬಲಗಡೆಗೇಕೆ ಸಡಿಲ ಎಂಬುದಕ್ಕೆ ಎಪಿಎಂಸಿಯ ಉದಾಹರಣೆಯನ್ನು ಬಳಸುತ್ತೇನೆ. ನನ್ನಲ್ಲಿಗೆ ಬರುವ ಮಕ್ಕಳಲ್ಲಿ ಅರ್ಧ ಮಂದಿಯ ಅಪ್ಪಂದಿರು ಮೆಕ್ಕೆಜೋಳ ಹಾಕಿ ಬಂದವರು. ಲಾಟ್ ನಂಬರ್ ಎಡಗಡೆ, ಖರೀದಿದಾರರು ಟೆಂಡರಿನಲ್ಲಿ ಬರೆದ ದರಗಳು ಬಲಗಡೆ ಎಂದಿಟ್ಟುಕೊಂಡರೆ, 17ನೆಯ ಲಾಟಿಗೆ ನಾಲ್ವರು ನಾಲ್ಕು ದರ ಬರೆದಿರುತ್ತಾರೆ, ಆದ್ದರಿಂದ ಅದು ಬರೀ ಸಂಬಂಧ. ಟೆಂಡರ್ ತೆರೆದು ಒಪ್ಪಿದ ದರವನ್ನು ಮಾತ್ರ ಬರೆದರೆ ಅದೇ ಫಂಕ್ಷನ್ ಆಗುತ್ತದೆ. ಎರಡು ಲಾಟಿಗೆ ಒಂದೇ ದರ ಬಿದ್ದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಒಂದೇ ಲಾಟಿಗೆ ಎರಡು ದರ ಬರೆದ ಚೀಟಿ ಕೊಟ್ಟರೆ ಆ ದಲಾಲಿ ಅಂಗಡಿಯ ಮುಂದೆ ಏನಾಗುತ್ತದೆಂದು ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ.

ಗ್ರಾಫಿಗೆ ಬಂದಾಗ ಇನ್ನೊಂದು ಪೇಚು ಎದುರಾಯಿತು. ನೆಟ್ಟಗೆ ನಿಂತ ಯಾವ ಗೆರೆಯೂ ಫಂಕ್ಷನ್ನಿನ ಗ್ರಾಫನ್ನು ಒಂದಕ್ಕಿಂತ ಹೆಚ್ಚು ಕಡೆ ಕಡಿಯದು ಎಂಬ ಲಂಬರೇಖೆಯ ಪರೀಕ್ಷೆ ಎಲ್ಲರಿಗೂ ಗೊತ್ತು, ಆದರೆ ಮಕ್ಕಳ ಕೈಯಲ್ಲಿ ಸ್ಕೇಲು ವಾಲುತ್ತದೆ. ವಾಲಿದ ಸ್ಕೇಲು ಎಂಥ ಒಳ್ಳೆಯ ಪ್ಯಾರಾಬೋಲಾವನ್ನೂ ಎರಡು ಕಡೆ ಕಡಿಯುತ್ತದೆ. ಅದಕ್ಕಾಗಿ ಅಂಗೈಯಗಲದ ರಟ್ಟಿನ ನಡುವೆ, ಕೆಳ ಅಂಚಿಗೆ ಸರಿಯಾಗಿ ಲಂಬವಾಗಿ, ಮೂರು ಮಿಲಿಮೀಟರಿನ ಸೀಳು ಕೊಯ್ಯಿಸಿದೆ. ಕೆಳ ಅಂಚನ್ನು ಗ್ರಾಫ್ ಹಾಳೆಯ ಅಡ್ಡಗೆರೆಯೊಂದಕ್ಕೆ ತಾಗಿಸಿ ಎಡದಿಂದ ಬಲಕ್ಕೆ ಸರಿಸುತ್ತ ಹೋದರೆ ಸೀಳಿನಲ್ಲಿ ಕಾಣುವುದನ್ನು ಎಣಿಸುವುದಷ್ಟೇ ಕೆಲಸ. ಬೈಂಡಿಂಗ್ ಅಂಗಡಿಯವರು ಐವತ್ತು ರಟ್ಟಿಗೆ 300 ರೂಪಾಯಿ ತೆಗೆದುಕೊಂಡರು. ಫ್ಲೆಕ್ಸಿಗೆ ಕೊಟ್ಟ ಹಣದಲ್ಲಿ ಇಂಥ ನಾನೂರು ರಟ್ಟು ಬರುತ್ತಿದ್ದವು.

ಸಮೀಕರಣಗಳಲ್ಲಿ ನಾನು ಹೆಚ್ಚು ಸೋತಿದ್ದೇನೆ. ಎಕ್ಸ್ ವರ್ಗ + ವೈ ವರ್ಗ = 25 ಎಂಬ ವೃತ್ತವನ್ನು ಕೊಟ್ಟರೆ ಒಬ್ಬ ಹುಡುಗ ಎಕ್ಸ್‌ಗೆ 5 ಹಾಕಿ, ವೈ ಸೊನ್ನೆ ಮಾತ್ರ ಬಂತು, ಹಾಗಾಗಿ ಫಂಕ್ಷನ್ ಎಂದು ಬರೆದಿದ್ದ. ಎಕ್ಸ್‌ಗೆ 3 ಹಾಕಿದ್ದರೆ ವೈ 4 ಮತ್ತು −4 ಎರಡೂ ಬರುತ್ತಿದ್ದವು. ಒಂದು ಬೆಲೆ ಹಾಕಿ "ಅಲ್ಲ" ಎನ್ನಬಹುದು, ಒಂದು ಬೆಲೆ ಹಾಕಿ "ಹೌದು" ಎನ್ನಲಾಗದು ಎಂಬುದನ್ನು ನಾನು ಬಾಯಲ್ಲಿ ಎಷ್ಟೋ ಸಲ ಹೇಳಿದ್ದೆ; ನಾಟಿದ್ದು ಮಾತ್ರ ಆ ಹುಡುಗನ ಉತ್ತರವನ್ನು ಬೋರ್ಡಿನ ಮೇಲೆ ಬರೆದು ಉಳಿದವರಿಗೆ ಅದನ್ನು ಮುರಿಯಲು ಬಿಟ್ಟಾಗ. ಈಗ ವೈ ಅನ್ನು ಒಂದು ಕಡೆಗೆ ತಂದು, ಅದರ ಘಾತ ಸಮವೋ ಬೆಸವೋ ಎಂದು ನೋಡಿಸುತ್ತೇನೆ. ವೈ ವರ್ಗ = ಎಕ್ಸ್ ಇದ್ದಲ್ಲಿ ಎಕ್ಸ್ 4 ಆದಾಗ ವೈ 2 ಮತ್ತು −2; ವೈ ಘನ = ಎಕ್ಸ್ ಇದ್ದಲ್ಲಿ ಒಂದೇ ಬೆಲೆ.

ಇದನ್ನು ಚೆನ್ನಾಗಿ ಕಲಿತವರೇ ಮುಂದಿನ ವಾರ ಬಂದು, 4ರ ವರ್ಗಮೂಲ ಪ್ಲಸ್ ಆರ್ ಮೈನಸ್ 2, ಆದ್ದರಿಂದ ವೈ = ವರ್ಗಮೂಲ ಎಕ್ಸ್ ಕೂಡ ಫಂಕ್ಷನ್ ಅಲ್ಲ ಎನ್ನುತ್ತಾರೆ. ಆ ಚಿಹ್ನೆಯ ಅರ್ಥ ಋಣವಲ್ಲದ ಮೂಲ ಮಾತ್ರ, ಎರಡೂ ಮೂಲಗಳು ಬೇಕಾದರೆ ಪ್ಲಸ್ ಆರ್ ಮೈನಸ್ ಅನ್ನು ನಾವೇ ಹೊರಗೆ ಬರೆಯಬೇಕು ಎಂದು ಬಿಡಿಸಿ ಹೇಳಲು ನನಗೆ ಪೂರ್ತಿ ಒಂದು ಪೀರಿಯಡ್ ಬೇಕಾಗುತ್ತದೆ. ಈ ಎರಡು ಲೆಕ್ಕಗಳ ನಡುವೆ ನಾನು ಒಂದು ಮೂರನೆಯ ಲೆಕ್ಕವನ್ನು ಇಡುತ್ತೇನೆ, ಅದರಿಂದ ಗೊಂದಲ ಅರ್ಧಕ್ಕಿಳಿಯುತ್ತದೆ. ಆ ಲೆಕ್ಕ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ನಾಲ್ಕು ವರ್ಷದ ದುಡಿಮೆ ಅದು, ನನ್ನ ಹೊಟ್ಟೆಪಾಡೂ ಇದೆ.

ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಮೂರು ಸದಸ್ಯರ ಗಣದಿಂದ ಎರಡು ಸದಸ್ಯರ ಗಣಕ್ಕೆ ಒಟ್ಟು 64 ಸಂಬಂಧಗಳು, ಅವುಗಳಲ್ಲಿ ಫಂಕ್ಷನ್‌ಗಳು 8. ಅಷ್ಟನ್ನೂ ಚೀಟಿಗಳಲ್ಲಿ ಬರೆದು ರಾಶಿ ಹಾಕಿ ವಿಂಗಡಿಸಿರೆಂದಾಗ ಮಕ್ಕಳು ಇಪ್ಪತ್ತು ನಿಮಿಷದಲ್ಲಿ 8 ಅನ್ನು ಬೇರೆ ಮಾಡಿದರು, ಆದರೆ ಉಳಿದವು 55 ಎಂದರು. ಒಂದು ಚೀಟಿ ಕಡಿಮೆ. ಹುಡುಕಿದರೆ ಅದು ಕಸದ ಬುಟ್ಟಿಯಲ್ಲಿತ್ತು: ಒಂದೂ ಜೋಡಿಯಿಲ್ಲದ ಖಾಲಿ ಚೀಟಿಯನ್ನು ಝೆರಾಕ್ಸ್ ತಪ್ಪಿದೆ ಎಂದು ಯಾರೋ ಎಸೆದಿದ್ದರು. ಶೂನ್ಯ ಗಣವೂ ಒಂದು ಸಂಬಂಧವೇ ಎಂಬುದನ್ನು ಆ ಬ್ಯಾಚಿನವರು ಇನ್ನು ಮರೆಯಲಾರರು. ಈ ಗೆಲುವಿನ ಹುಮ್ಮಸ್ಸಿನಲ್ಲಿ ಮೂರಕ್ಕೆ ಮೂರರ 512 ಚೀಟಿಗಳನ್ನೂ ಮಾಡಿಸಿದೆ. ಅವುಗಳಲ್ಲಿನ 27 ಫಂಕ್ಷನ್‌ಗಳನ್ನು ಇಂದಿನವರೆಗೆ ಯಾರೂ ಆರಿಸಿಲ್ಲ, ಏಕೆಂದರೆ ಹೋಗಿದ್ದ ಕರೆಂಟು ನಡುವೆ ಬಂದು ಫ್ಯಾನ್ ತಿರುಗಿತು.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದ್ದು ಇನ್ನೊಂದು. ದಿನಾಂಕ ಎಡಗಡೆ, ಬೆಳಗಿನ ನೀರಿನ ಮಟ್ಟ ಬಲಗಡೆ ಇಟ್ಟರೆ ಫಂಕ್ಷನ್. ಕಾಲಂಗಳನ್ನು ಅದಲುಬದಲು ಮಾಡಿದರೆ ಅಲ್ಲ. 1907ರಲ್ಲಿ ಮುಗಿದ ಆ ಅಣೆಕಟ್ಟಿನ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ, ಆದ್ದರಿಂದ 130 ಅಡಿ ಎಂಬ ಒಂದೇ ಸಂಖ್ಯೆಯ ಎದುರು ಎರಡು ವರ್ಷಗಳಾದರೂ ನಿಲ್ಲುತ್ತವೆ. ಹೀಗೆ ಕಾಲಂ ಅದಲುಬದಲು ಮಾಡಿ ನೋಡುವ ವಿಲೋಮದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಸೀಮೆಯಲ್ಲಿ ನನಗೆ ಸಿಕ್ಕಿಲ್ಲ. ಬೆಣ್ಣೆದೋಸೆಯ ದರವನ್ನೂ ಪ್ರಯತ್ನಿಸಿದೆ. ಹೋಟೆಲಿನ ಹೆಸರಿನಿಂದ ದರಕ್ಕೆ ಹೋದರೆ ಖಾಲಿ ದೋಸೆಗೊಂದು, ಬೆಣ್ಣೆ ದೋಸೆಗೊಂದು ದರವಿರುವುದರಿಂದ ಫಂಕ್ಷನ್ ಆಗದು. ಹೋಟೆಲು ಮತ್ತು ದೋಸೆ ಎರಡನ್ನೂ ಕೂಡಿಸಿ ಎಡಗಡೆ ಬರೆದರೆ ಆಗುತ್ತದೆ. ಪಾಠ ಸರಿಯಾಗಿಯೇ ಇತ್ತು, ಆದರೆ ಸಂಜೆ ಆರೂವರೆಗೆ ಆ ಮಾತೆತ್ತಿದ ಮೇಲೆ ತರಗತಿಯಲ್ಲಿ ಯಾರ ಮನಸ್ಸೂ ನಿಲ್ಲಲಿಲ್ಲ.

ಹೋದ ವರ್ಷದ ಮೂವತ್ತೆಂಟು ಮಕ್ಕಳಿಗೆ ಅದೇ ಹಳೆಯ (1, 5), (2, 5), (3, 5) ಇದ್ದ ಪ್ರಶ್ನೆಪತ್ರಿಕೆಯನ್ನು ಕೊಟ್ಟಾಗ ಮೂವತ್ತನಾಲ್ಕು ಮಂದಿ ಆ ಲೆಕ್ಕವನ್ನು ಸರಿ ಮಾಡಿದ್ದರೆಂದು ನೆನಪು. ರಟ್ಟನ್ನು ಎರಡು ವಾರದ ಮೇಲೆ ಕಿತ್ತುಕೊಳ್ಳುತ್ತೇನೆ. ಪರೀಕ್ಷೆಯಲ್ಲಿ ಕೆಲವರು ಅಂಗೈಯಿಂದಲೇ ಬಲಗಡೆ ಮುಚ್ಚಿಕೊಂಡು ಬರೆಯುತ್ತಿದ್ದುದನ್ನು ಕಂಡಿದ್ದೇನೆ.

ಇನ್ನೂ ಸರಿಹೋಗದಿರುವುದು ಸೀಳಿನ ಅಗಲ. ಎಕ್ಸ್ ಘನದಂಥ ಕಡಿದಾದ ಗ್ರಾಫು ಮೂರು ಮಿಲಿಮೀಟರಿನಲ್ಲಿ ನಿಂತ ಗೆರೆಯಂತೆಯೇ ಕಾಣುತ್ತದೆ, ಮಕ್ಕಳು ಅಲ್ಲಿ ಹಲವು ಬಿಂದುಗಳಿವೆ ಎನ್ನುತ್ತಾರೆ. ಪ್ರತಿ ಸಂಖ್ಯೆಗೂ ಅದನ್ನು ಮೀರದ ಅತಿ ದೊಡ್ಡ ಪೂರ್ಣಾಂಕವನ್ನು ಕೊಡುವ ಮಹತ್ತಮ ಪೂರ್ಣಾಂಕ ಫಂಕ್ಷನ್‌ನ ಮೆಟ್ಟಿಲಿನಲ್ಲಿ ತುಂಬಿದ ಚುಕ್ಕೆ, ಲೆಕ್ಕಕ್ಕಿಲ್ಲದ ಟೊಳ್ಳು ಚುಕ್ಕೆ ಎರಡೂ ಒಟ್ಟಿಗೆ ಕಂಡು, ಎರಡು ಎಂದು ಎಣಿಸುತ್ತಾರೆ. ಆದ್ದರಿಂದ ಈ ಸಲ ಸೀಳಿನ ಬದಲು ಪಾರದರ್ಶಕ ಹಾಳೆಯ ನಡುವೆ ಕಪ್ಪು ದಾರವೊಂದನ್ನು ಬಿಗಿದು ನೋಡುತ್ತಿದ್ದೇನೆ. ಒಂದಕ್ಕೆ ಹನ್ನೆರಡು ರೂಪಾಯಿ ಬೀಳುತ್ತಿದೆ, ದಾರ ಎರಡು ದಿನಕ್ಕೇ ಸಡಿಲವಾಗುತ್ತಿದೆ.