ಸೋತವರಿಗೂ ಮುಂದಿನ ಭಾನುವಾರ ಮ್ಯಾಚ್ ಇರಬೇಕು

ಬಳ್ಳಾರಿಯ ಕೌಲ್ ಬಜಾರ್ ಹಳೇ ದಂಡು ಪ್ರದೇಶ. ಬ್ರಿಟಿಷರ ಸೈನ್ಯ ಬೀಡುಬಿಟ್ಟಿದ್ದ ಜಾಗ. ಅಲ್ಲಿಗೆ ಫುಟ್‌ಬಾಲ್ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ನಾನೂ ಅಲ್ಲೇ ಆಡಿದವನು, ರೈಟ್ ವಿಂಗ್‌ನಲ್ಲಿ, ಮಂಡಿ ಕೈಕೊಡುವವರೆಗೆ. ಈಗ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ಅಂಗಡಿಯ ಕ್ಯಾಲೆಂಡರ್ ಹಾಳೆಯ ಹಿಂದೆ ನಮ್ಮ ಲೀಗ್‌ನ ಫಿಕ್ಸ್ಚರ್, ಅಂದರೆ ಯಾರಿಗೆ ಯಾರ ಜೊತೆ ಯಾವಾಗ ಮ್ಯಾಚ್ ಎಂಬ ಪಟ್ಟಿ, ಬರೆಯುವುದು ನನ್ನ ಇನ್ನೊಂದು ಕೆಲಸ. ಇದಕ್ಕೆ ಸಂಬಳ ಇಲ್ಲ, ಬೈಗುಳ ಉಂಟು.

ನಾನು ಆಡುವಾಗ ನಮಗೆ ಸಿಗುತ್ತಿದ್ದದ್ದು ನಾಕೌಟ್ ಟೂರ್ನಮೆಂಟ್ ಮಾತ್ರ, ಒಮ್ಮೆ ಸೋತರೆ ಹೊರಗೆ. ನಾಲ್ಕು ದಿನ, ದೊಡ್ಡ ಕಪ್, ಮೈಕ್, ಬ್ಯಾನರ್. 16 ತಂಡ ಬಂದರೆ ಒಟ್ಟು 15 ಮ್ಯಾಚ್. 8 ತಂಡಗಳು ಒಂದೇ ಮ್ಯಾಚ್ ಆಡಿ ಮನೆಗೆ. ಎರಡು ತಿಂಗಳು ಬೆಳಿಗ್ಗೆ ಐದಕ್ಕೆ ಎದ್ದು ಪ್ರಾಕ್ಟೀಸ್ ಮಾಡಿದ ಹುಡುಗ ಒಂದು ಗಂಟೆ ಆಡಿ ಬೂಟು ಬಿಚ್ಚಿಡುತ್ತಿದ್ದ. ಮುಂದಿನ ಟೂರ್ನಮೆಂಟ್ ಯಾವಾಗ? ಯಾರಾದರೂ ಸ್ಪಾನ್ಸರ್ ಸಿಕ್ಕಾಗ. ಬಹುಮಾನದ ದುಡ್ಡು ದೊಡ್ಡದಾದಷ್ಟೂ ಬೆಂಗಳೂರಿಂದ, ಹೈದರಾಬಾದಿಂದ ಬಾಡಿಗೆ ಆಟಗಾರರು ಬರುತ್ತಿದ್ದರು. ಊರಿನ ಹುಡುಗರು ಬೆಂಚ್ ಮೇಲೆ. ಒಂದು ಸಲ ಫೈನಲ್ ಗೆದ್ದ ನಮಗೆ ಕಪ್ ಕೊಟ್ಟರು, ದುಡ್ಡು ಕೊಡಲಿಲ್ಲ. ಕವರ್ ಒಳಗೆ ಏನೂ ಇರಲಿಲ್ಲ, ಸುಮ್ನೆ ಫೋಟೋಗೆ.

1888ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಮೆಕ್‌ಗ್ರೆಗರ್ ಎಂಬವರು 12 ಕ್ಲಬ್‌ಗಳನ್ನು ಸೇರಿಸಿ ಫುಟ್‌ಬಾಲ್ ಲೀಗ್ ಶುರು ಮಾಡಿದ್ದೂ ಇದೇ ಸಂಕಟಕ್ಕೆ. ಆಗ ಇದ್ದದ್ದು ಕಪ್ ಪಂದ್ಯ ಮತ್ತು ಸೌಹಾರ್ದ ಪಂದ್ಯ. ಕಪ್‌ನಲ್ಲಿ ಬೇಗ ಸೋತರೆ ಆಟವೂ ಇಲ್ಲ, ಟಿಕೆಟ್ ದುಡ್ಡೂ ಇಲ್ಲ. ಇದನ್ನು ಓದಿದಾಗ ನನಗೆ ನಗು ಬಂತು. ನೂರು ವರ್ಷಕ್ಕೂ ಹಳೆಯ ಆ ಗೋಳು ನಮ್ಮ ಗ್ರೌಂಡಿನಲ್ಲಿ ಇನ್ನೂ ಇತ್ತಲ್ಲ!

2023ರ ಜನವರಿಯಲ್ಲಿ ನಾವೂ ಶುರು ಮಾಡಿದೆವು. 10 ತಂಡ, ಎಲ್ಲರೂ ಎಲ್ಲರೊಂದಿಗೂ ಒಂದೊಂದು ಸಲ. ಗ್ರೌಂಡ್ ಒಂದೇ, ಭಾನುವಾರಕ್ಕೆ ಎರಡು ಮ್ಯಾಚ್. ಉತ್ಸಾಹದಲ್ಲಿ ನಾನು ಗುಣಾಕಾರ ಮಾಡಿರಲಿಲ್ಲ. 10 ತಂಡಕ್ಕೆ 45 ಮ್ಯಾಚ್. ಅಂದರೆ 23 ಭಾನುವಾರ. ಜನವರಿಯಲ್ಲಿ ಶುರುವಾದದ್ದು ಮುಗಿಯಬೇಕಿದ್ದದ್ದು ಜೂನ್‌ನಲ್ಲಿ! ಬಳ್ಳಾರಿಯ ಏಪ್ರಿಲ್, ಮೇ ಬಿಸಿಲಲ್ಲಿ ನಾಯಿಗಳೂ ನೆರಳು ಬಿಟ್ಟು ಬರಲ್ಲ. ಐದನೇ ವಾರಕ್ಕೆ ಮೂರು ತಂಡ ನಾಪತ್ತೆ. ಪಾಯಿಂಟ್ ಟೇಬಲ್ ತೂತು ಬಿದ್ದ ಜರಡಿಯಾಯಿತು. ಮಾರ್ಚ್ ಮೊದಲ ವಾರ ಲೀಗ್ ಸತ್ತೇ ಹೋಯಿತು. ಅದೇ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತು. ನಮ್ಮ ಹುಡುಗರು ಮೊಬೈಲ್‌ನಲ್ಲಿ ಅದನ್ನು ನೋಡಿ ಕುಣಿದರು. ಮರುದಿನ ಭಾನುವಾರ. ಗ್ರೌಂಡಿಗೆ ಬಂದರೆ ಮ್ಯಾಚ್ ಇಲ್ಲ.

ಆ ಮಳೆಗಾಲ ಪೂರ್ತಿ ನಾನು ಲೆಕ್ಕ ಹಾಕಿದೆ. ಲೀಗ್ ಕಟ್ಟುವುದು ಅಂದರೆ ಮೊದಲು ಭಾನುವಾರಗಳನ್ನು ಎಣಿಸುವುದು. ತಂಡಗಳನ್ನು ಎಣಿಸುವುದು ಆಮೇಲೆ. ಮಳೆ ನಿಂತ ಮೇಲೆ, ಪರೀಕ್ಷೆ ಮತ್ತು ಬಿಸಿಲು ಬರುವ ಮೊದಲು, ನಮಗೆ ಸಿಗುವುದು ಸುಮಾರು 15 ಭಾನುವಾರ. ಇದರೊಳಗೆ ಹಿಡಿಸಬೇಕು. 12 ತಂಡವನ್ನು 6-6ರಂತೆ ಎರಡು ಡಿವಿಷನ್ ಮಾಡಿದೆವು. ಒಂದೊಂದು ಡಿವಿಷನ್‌ನಲ್ಲಿ ಎರಡು ಸುತ್ತು. ಪ್ರತಿ ತಂಡಕ್ಕೂ 10 ಮ್ಯಾಚ್ ಖಾತ್ರಿ, ಸೋಲಲಿ ಗೆಲ್ಲಲಿ. ಡಿವಿಷನ್‌ಗೆ 30, ಒಟ್ಟು 60 ಮ್ಯಾಚ್. ವಾರಕ್ಕೆ ನಾಲ್ಕು ಆಡಿಸಿದರೆ ಸರಿಯಾಗಿ 15 ವಾರ. ಬೆಂಗಳೂರಿನಲ್ಲಿ ಸೂಪರ್ ಡಿವಿಷನ್, ಎ, ಬಿ, ಸಿ ಎಂದು ಮೆಟ್ಟಿಲು ಇದೆಯಲ್ಲ, ನಮ್ಮದು ಅದರ ಎರಡು ಮೆಟ್ಟಿಲಿನ ಗುಡಿಸಲು. ಯಾರು ಮೇಲೆ, ಯಾರು ಕೆಳಗೆ? ಹಿಂದಿನ ವರ್ಷದ ತೂತು ಟೇಬಲ್ ನಂಬುವಂತಿರಲಿಲ್ಲ. ಚೀಟಿ ಎತ್ತಿದೆವು.

ದಿನಕ್ಕೆ ನಾಲ್ಕು ಮ್ಯಾಚ್ ಆಡಿಸಲು ಗ್ರೌಂಡ್ ಬೇಕಲ್ಲ. ಭಾನುವಾರ ಅದು ಟೆನಿಸ್ ಬಾಲ್ ಕ್ರಿಕೆಟ್‌ನವರ ಸಾಮ್ರಾಜ್ಯ. ಅವರ ಹಿರಿಯನ ಹತ್ತಿರ ಹೋಗಿ ಮಿರ್ಚಿ-ಒಗ್ಗರಣೆ ತಿನ್ನಿಸಿ ಮಾತಾಡಿದೆ. "ನೋಡಣ್ಣಾ, ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ ನಮ್ಗೆ. ಆಮೇಲೆ ಎರಡೂವರೆ ತನಕ ನಿಮ್ದೇ" ಎಂದೆ. ಅವರು, "ಒಂಬತ್ತೂವರೆ ಅಂದ್ರ ಒಂಬತ್ತೂವರೆ ನೋಡ್ರಿ, ಇಂಜುರಿ ಟೈಮ್ ಗಿಂಜುರಿ ಟೈಮ್ ಎಲ್ಲಾ ಇಲ್ಲ" ಎಂದರು. ಅದಕ್ಕೇ ನಮ್ಮ ಮ್ಯಾಚ್ 35 ನಿಮಿಷದ ಎರಡು ಅವಧಿ. ಬೆಳಿಗ್ಗೆ ಎರಡು, ಸಂಜೆ ಎರಡು. ಕೊನೆಯದು ನಾಲ್ಕೂಕಾಲಿಗೆ ಶುರುವಾಗಲೇಬೇಕು. ಡಿಸೆಂಬರ್‌ನಲ್ಲಿ ಆರಕ್ಕೆ ಚೆಂಡು ಕಾಣಲ್ಲ.

ನಮ್ಮಲ್ಲಿ ಆಡುವವರು ಯಾರು? ಜೀನ್ಸ್ ಹೊಲಿಯುವವರು, ಸ್ಟೀಲ್ ಪ್ಲಾಂಟ್‌ನಲ್ಲಿ ಶಿಫ್ಟ್ ಮಾಡುವವರು, ಕಾಲೇಜಿನವರು. ಆರ್ಡರ್ ಜಾಸ್ತಿ ಬಂದರೆ ಜೀನ್ಸ್ ಹುಡುಗರಿಗೆ ಭಾನುವಾರವೂ ಮೆಷಿನ್ ಮುಂದೆ ಕೆಲಸ. ನೈಟ್ ಶಿಫ್ಟ್ ಮುಗಿಸಿ ಬಂದವನು 70 ನಿಮಿಷ ಓಡಲಾರ. ಇಲ್ಲಿ ನಮಗೆ ಸಹಾಯಕ್ಕೆ ಬಂದದ್ದು ಆಟದ ನಿಯಮವೇ. ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರಬಹುದು ಎಂಬ ಅವಕಾಶ ತಳಮಟ್ಟದ ಫುಟ್‌ಬಾಲ್‌ಗೆ ಇದೆ, ಫುಟ್‌ಬಾಲ್ ಅಸೋಸಿಯೇಷನ್ ಒಪ್ಪಿದರೆ. ಒಪ್ಪಿಗೆ ಕೇಳಿ ಅದನ್ನು ತಂದೆವು. 11 ಜನ ಇಲ್ಲದಿದ್ದರೂ 7 ಜನ ಇದ್ದರೆ ಮ್ಯಾಚ್ ಶುರು ಮಾಡಬಹುದು ಎಂಬುದನ್ನೂ ಎಲ್ಲರಿಗೂ ಬಿಡಿಸಿ ಹೇಳಿದೆವು. ಮ್ಯಾಚ್‌ಗೆ ಬರದೆ ವಾಕ್‌ಓವರ್ ಕೊಟ್ಟರೆ 3-0 ಸೋಲು, ಜೊತೆಗೆ ಡೆಪಾಸಿಟ್ 2000 ರೂಪಾಯಿಯಲ್ಲಿ 500 ಕಟ್. ಮೊದಲ ವರ್ಷ ಗೊತ್ತಿಲ್ಲದೆ ಬಿಟ್ಟ ನಿಯಮವನ್ನೂ ಬರೆದೆವು: ಅರ್ಧಕ್ಕಿಂತ ಕಡಿಮೆ ಮ್ಯಾಚ್ ಆಡಿ ಯಾರಾದರೂ ಬಿಟ್ಟುಹೋದರೆ ಅವರ ಎಲ್ಲ ಫಲಿತಾಂಶ ಅಳಿಸುವುದು. ಇಲ್ಲದಿದ್ದರೆ ಅವರ ಎದುರು ಆಡಿದವನಿಗೆ ಪಾಯಿಂಟ್, ಆಡದವನಿಗೆ ಏನೂ ಇಲ್ಲ.

ಬಾಡಿಗೆ ಆಟಗಾರರ ಕಾಟ ತಪ್ಪಿಸಲು ನವೆಂಬರ್ ಶುರುವಿಗೇ 20 ಹೆಸರಿನ ಪಟ್ಟಿ, ಫೋಟೋ ಸಮೇತ. ಒಬ್ಬನಿಗೆ ಒಂದೇ ತಂಡ. ನಡುವೆ ಸೇರಿಸಲು ಡಿಸೆಂಬರ್ ಕೊನೆಯ ವಾರ ಮಾತ್ರ ಬಾಗಿಲು ತೆಗೆಯುತ್ತೇವೆ. ದುಡ್ಡಿನ ಬಹುಮಾನ ತೆಗೆದೇಬಿಟ್ಟೆವು. ಆ ದುಡ್ಡಲ್ಲಿ ನೆಟ್, ಸುಣ್ಣ, ಚೆಂಡು. ಇದಕ್ಕೆ ಎರಡು ತಂಡ ಸಿಟ್ಟಾದವು, ಆದರೆ ಬಿಡಲಿಲ್ಲ.

ರೆಫ್ರಿ ವಿಷಯ ಇನ್ನೂ ಪೂರ್ತಿ ಸರಿಹೋಗಿಲ್ಲ. ಪ್ರತಿ ತಂಡ ಇಬ್ಬರನ್ನು ಕೊಡಬೇಕು, ಅವರು ತಮ್ಮದಲ್ಲದ ಡಿವಿಷನ್‌ನ ಮ್ಯಾಚ್ ಮಾಡಬೇಕು, ಮ್ಯಾಚ್‌ಗೆ 300 ರೂಪಾಯಿ. ಆಫ್‌ಸೈಡ್ ಕೊಟ್ಟರೆ ಮಾತ್ರ ಜಗಳ. ರೆಫ್ರಿ ಮೇಲೆ ಕೂಗಾಡಿದವನಿಗೆ ಹಳದಿ ಕಾರ್ಡ್ ಜೊತೆ 8 ನಿಮಿಷ ಹೊರಗೆ ಕೂರಿಸುತ್ತೇವೆ. ನಿಯಮದಲ್ಲಿ ಒಟ್ಟು ಆಟದ ಸಮಯದ 10ರಿಂದ 15 ಶೇಕಡ ಎಂದಿದೆ, 70 ನಿಮಿಷಕ್ಕೆ 8 ಸರಿಹೊಂದುತ್ತದೆ. ದಂಡ ಹಾಕಿದಾಗ ಜಗ್ಗದವರು ಇದಕ್ಕೆ ಜಗ್ಗಿದರು. ತನ್ನಿಂದಾಗಿ 10 ಜನ ಓಡುತ್ತಿರುವುದನ್ನು ಗೆರೆ ಹೊರಗೆ ಕೂತು ನೋಡುವುದು ಕಷ್ಟ. ಜೊತೆಯವರೇ ಬೈಯುತ್ತಾರೆ.

ಎರಡನೇ ಸೀಸನ್ 2024ರ ಫೆಬ್ರವರಿಯಲ್ಲಿ ಪೂರ್ತಿ ಮುಗಿಯಿತು. 60ಕ್ಕೆ 57 ಮ್ಯಾಚ್ ಆಡಿದ್ದೆವು, ಮೂರು ವಾಕ್‌ಓವರ್. ಆಗ ಶುರುವಾಯಿತು ನೋಡಿ ಅಸಲಿ ಪರೀಕ್ಷೆ. ನಿಯಮದ ಪ್ರಕಾರ ಮೇಲಿನ ಡಿವಿಷನ್‌ನ ಕೊನೆಯ ಎರಡು ತಂಡ ಕೆಳಗೆ, ಕೆಳಗಿನ ಮೊದಲ ಎರಡು ಮೇಲೆ. ಕೆಳಗೆ ಹೋಗಬೇಕಾದವರಲ್ಲಿ ಒಂದು ಹಳೇ ಕ್ಲಬ್. ಇನ್ನೊಂದು ನಾನೇ ಆಡಿ ಬೆಳೆದ ಕ್ಲಬ್. ನಮ್ಮ ಹಿರಿಯರು ಅಂಗಡಿಗೆ ಬಂದು ಕೂತರು. "ಏನಪ್ಪಾ, ನಿನ್ನ ಕೈಯಿಂದಲೇ ನಮ್ಮನ್ನ ಕೆಳಗೆ ಇಳಿಸ್ತೀಯಾ?" ಎಂದರು. ನನಗೆ ಬೂಟು ಕೊಡಿಸಿದವರು ಅವರು. ನಾನು ಸೋತೆ. ಯಾರನ್ನೂ ಇಳಿಸದೆ ಮೇಲಿನ ಡಿವಿಷನ್ ಅನ್ನು 8 ತಂಡ ಮಾಡಿದೆವು. ಕೆಳಗೆ ಉಳಿದ 4 ತಂಡಕ್ಕೆ ಹೊಸ ಎರಡು ಸೇರಿ 6.

ಈ ದಾಕ್ಷಿಣ್ಯದ ಬೆಲೆ ಕ್ಯಾಲೆಂಡರ್ ಹೇಳಿತು. 8 ತಂಡ ಎರಡು ಸುತ್ತು ಅಂದರೆ 56 ಮ್ಯಾಚ್. ಕೆಳಗಿನ 30 ಸೇರಿ 86. 22 ಭಾನುವಾರ! 2024ರ ನವೆಂಬರ್ 3ಕ್ಕೆ ಶುರು ಮಾಡಿದರೂ ಕೊನೆಯದು 2025ರ ಮಾರ್ಚ್ 30. ಅವತ್ತು ಯುಗಾದಿ, ಮರುದಿನ ರಂಜಾನ್ ಹಬ್ಬ. ಮಾರ್ಚ್ ಪೂರ್ತಿ ನಮ್ಮ ಅರ್ಧ ಹುಡುಗರು ಉಪವಾಸ. ನೀರು ಕುಡಿಯದೆ ಆ ಬಿಸಿಲಲ್ಲಿ ಓಡು ಎನ್ನಲು ಯಾರಿಗೆ ಬಾಯಿ ಬರುತ್ತದೆ? ಕೊನೆಯ 16 ಮ್ಯಾಚ್ ರದ್ದು ಮಾಡಿ, ಆಡಿದ ಮ್ಯಾಚ್‌ಗೆ ಸರಾಸರಿ ಪಾಯಿಂಟ್ ತೆಗೆದು ಟೇಬಲ್ ಮುಗಿಸಿದೆವು. ಸರಾಸರಿ ಅಂದ ತಕ್ಷಣ ಎಲ್ಲರೂ ಗಣಿತದ ಮೇಷ್ಟ್ರಾದರು.

ಈ ಸಲ ನಾನು ಬಗ್ಗಲಿಲ್ಲ. ನಾಲ್ಕು ತಂಡ ಕೆಳಗೆ, ಎರಡು ಮೇಲೆ. ಮೇಲೆ ಮತ್ತೆ 6, ಕೆಳಗೆ 8. ಕೆಳಗಿನವರಿಗೆ ಒಂದೇ ಸುತ್ತು, 28 ಮ್ಯಾಚ್. ಒಟ್ಟು 58. ನಮ್ಮ ಕ್ಲಬ್ ಕೆಳಗೆ ಹೋಯಿತು. ಹಿರಿಯರು ಆರು ತಿಂಗಳು ಅಂಗಡಿ ಮುಂದೆ ಹೋದರೂ ತಿರುಗಿ ನೋಡಲಿಲ್ಲ. ಆದರೆ ಕೆಳಗಿನ ಡಿವಿಷನ್‌ನಲ್ಲಿ ನಮ್ಮ ಕ್ಲಬ್ ಹದಿನಾರು, ಹದಿನೇಳರ ಹುಡುಗರನ್ನು ಆಡಿಸಿತು. ಮೇಲಿದ್ದಾಗ ಅವರಿಗೆ ಜಾಗವೇ ಇರಲಿಲ್ಲ.

ನಮ್ಮೂರಿಂದ ಸುಮಾರು 30 ಕಿಲೋಮೀಟರ್ ದೂರದ ತೋರಣಗಲ್ಲಿನಲ್ಲಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾ ತರಬೇತಿ ಕೇಂದ್ರ ಇದೆ. ಬೆಂಗಳೂರು ಎಫ್‌ಸಿ ಅಲ್ಲಿಗೆ ಬಂದು ತರಬೇತಿ ಮಾಡಿದೆ. ಹಸಿರು ಕಾರ್ಪೆಟ್ ಹಾಸಿದಂಥ ಗ್ರೌಂಡ್. ನಮ್ಮದು ಎರೆ ಮಣ್ಣು, ಬೇಸಿಗೆಯಲ್ಲಿ ಬಿರುಕಿನೊಳಗೆ ಬೂಟಿನ ತುದಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಆಯ್ಕೆಯಾಗುವವರು ಕೆಲವೇ ಕೆಲವರು. ಉಳಿದವರಿಗೂ ಆಡಲು ಒಂದು ಜಾಗ ಬೇಕಲ್ವಾ?

ಮುಂದಿನ ಸೀಸನ್ ಲೆಕ್ಕ ಈಗಲೇ ಶುರು ಮಾಡಿದ್ದೇನೆ. 2026ರ ದೀಪಾವಳಿ ನವೆಂಬರ್ 8ಕ್ಕೆ, ಭಾನುವಾರವೇ. 2027ರಲ್ಲಿ ರಂಜಾನ್ ತಿಂಗಳು ಫೆಬ್ರವರಿ ಎರಡನೇ ವಾರಕ್ಕೇ ಬರುತ್ತದೆ. 15 ಭಾನುವಾರ ಸಿಗಬೇಕಾದರೆ ಅಕ್ಟೋಬರ್ 25ಕ್ಕೇ ಶುರು ಮಾಡಬೇಕು. ಆಗ ಹಿಂಗಾರು ಮಳೆ ಬಂದರೆ ಎರೆ ಮಣ್ಣು ಬೂಟಿಗೆ ಎರಡು ಕೆಜಿ ಅಂಟಿಕೊಳ್ಳುತ್ತದೆ. ಮೊನ್ನೆ ಹಿರಿಯರು ಅಂಗಡಿಗೆ ಬಂದು ಒಂದು ಎಲ್‌ಇಡಿ ಬಲ್ಬ್ ಕೇಳಿದರು. ಚಿಲ್ಲರೆ ತೆಗೆದುಕೊಳ್ಳುವಾಗ, "ಮೊದಲ ಮ್ಯಾಚ್ ಯಾರ ಜೊತೆ ಹಾಕಿದೀಯ?" ಎಂದರು.